ಮಾನಸಗಂಗೋತ್ರಿಯ ಲೆಕ್ಕ

ಮೈಸೂರು ವಿಶ್ವವಿದ್ಯಾಲಯ ನೋಡಲು ಬಂದವರು ಸಾಮಾನ್ಯವಾಗಿ ಮಾನಸಗಂಗೋತ್ರಿಯ ಗೇಟಿನಿಂದ ಶುರುಮಾಡುತ್ತಾರೆ. ನಾನು ಕೌಟಿಲ್ಯ ವೃತ್ತದ ಕಡೆಯಿಂದ ಶುರುಮಾಡಿದೆ. ಅಲ್ಲಿರುವ ಪ್ರಾಚ್ಯವಿದ್ಯಾ ಸಂಶೋಧನಾಲಯ ವಿಶ್ವವಿದ್ಯಾಲಯಕ್ಕಿಂತ ಇಪ್ಪತ್ತೈದು ವರ್ಷ ದೊಡ್ಡದು. 1891ರಲ್ಲಿ ಆರಂಭವಾಗಿ, 1916ರಲ್ಲಿ ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ಮಡಿಲಿಗೆ ಬಂತು. ಒಳಗೆ ಓಲೆಗರಿಯ ಕಟ್ಟುಗಳು, ಸಿಟ್ರೊನೆಲ್ಲಾ ಎಣ್ಣೆಯ ಘಾಟು. ಮೇಜಿನ ಮೇಲೆ ಎರಡು ಬೆರಳಗಲದ ಗರಿಯೊಂದನ್ನು ಹರಡಿಕೊಂಡು ಒಬ್ಬರು ಹತ್ತಿಯಲ್ಲಿ ಎಣ್ಣೆ ಅದ್ದಿ ನಿಧಾನವಾಗಿ ಒರೆಸುತ್ತಿದ್ದರು. ಮೊದಲು ಬರೀ ಗೀರು ಕಾಣುತ್ತದೆ. ಒರೆಸುತ್ತ ಒರೆಸುತ್ತ ಗೀರು ಅಕ್ಷರವಾಗುತ್ತದೆ. ಅದು ನಂದಿನಾಗರಿ ಲಿಪಿ. ಓದಬಲ್ಲವರು ಈಗ ವಿರಳ.

ಇದೇ ಸಂಸ್ಥೆಯಲ್ಲಿ ಗ್ರಂಥಪಾಲಕರಾಗಿದ್ದವರು ರುದ್ರಪಟ್ಟಣದ ಆರ್. ಶಾಮಾಶಾಸ್ತ್ರಿಗಳು. ಇಲ್ಲಿಗೆ ಬಂದಿದ್ದ ಓಲೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1905ರಿಂದ ಅದರ ಸುದ್ದಿಯನ್ನು ಲೋಕಕ್ಕೆ ಹೇಳತೊಡಗಿದರು. ಸಂಸ್ಕೃತ ಪಾಠ ಅಚ್ಚಾದದ್ದು 1909ರಲ್ಲಿ, ಇಂಗ್ಲಿಷ್ ಅನುವಾದ ಪುಸ್ತಕವಾದದ್ದು 1915ರಲ್ಲಿ. ಹತ್ತು ವರ್ಷದ ದುಡಿಮೆ, ಒಂದು ಗ್ರಂಥ. ಭಾರತದ ರಾಜನೀತಿಯ ಚರಿತ್ರೆಯನ್ನು ಮತ್ತೆ ಬರೆಸಿದ ಗ್ರಂಥ. ವಿಶ್ವವಿದ್ಯಾಲಯಗಳ ಸಾಧನೆಯನ್ನು ಇವತ್ತು ಐದೈದು ವರ್ಷದ ಅವಧಿಗೆ ಕತ್ತರಿಸಿ ಅಳೆಯುತ್ತಾರೆ. 1905ರಿಂದ 1915ರ ನಡುವೆ ಎಲ್ಲಿ ಕತ್ತರಿ ಹಾಕಿದರೂ ಶಾಸ್ತ್ರಿಗಳ ಕೆಲಸ ಅರ್ಧವೇ ಕಾಣುತ್ತಿತ್ತು. ಮೇಲಾಗಿ ಅವರು ಬೋಧಕರೂ ಅಲ್ಲ, ಗ್ರಂಥಪಾಲಕರು. ಸಂಶೋಧನೆಯ ಪಟ್ಟಿಯಲ್ಲಿ ಅವರ ಹೆಸರು ಯಾವ ಕಾಲಂಗೆ ಸೇರುತ್ತಿತ್ತು?

ಹಾಗೆಂದು ಅಳೆಯುವುದೇ ಬೇಡ ಎನ್ನುವವನು ನಾನಲ್ಲ. ಈ ವಿಶ್ವವಿದ್ಯಾಲಯ ಹುಟ್ಟಿದ್ದೇ ಲೆಕ್ಕ ಇಟ್ಟು ಆಳಬೇಕೆಂದು ನಂಬಿದವರ ಕಾಲದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರಾಗಿದ್ದ ವಿಶ್ವೇಶ್ವರಯ್ಯ, ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ವಿಶ್ವೇಶ್ವರಯ್ಯನವರಂತೂ ಅಂಕಿಅಂಶ ಇಲ್ಲದೆ ಮಾತಾಡುತ್ತಿರಲಿಲ್ಲ. 1911ರ ಸಂಪದಭ್ಯುದಯ ಸಮಾಜ ಕೃಷಿ, ಕೈಗಾರಿಕೆ, ಶಿಕ್ಷಣ ಎಂದು ಸಮಿತಿಗಳನ್ನು ಮಾಡಿಕೊಂಡು ಕೆಲಸ ಮಾಡಿತು. ಏನು ಮಾಡಬೇಕು, ಎಷ್ಟಾಗಿದೆ ಎಂದು ಕೇಳುವ ಅಭ್ಯಾಸ ನಮಗೆ ಹೊರಗಿನಿಂದ ಬಂದದ್ದಲ್ಲ. ಆಗ ಪ್ರಶ್ನೆ ಕೇಳುತ್ತಿದ್ದವರಿಗೆ ಈ ನಾಡು ಏನಾಗಬೇಕೆಂಬ ಕಲ್ಪನೆ ಮೊದಲಿತ್ತು, ಕೋಷ್ಟಕ ಆಮೇಲೆ ಬಂತು. ಈಗ ಕೋಷ್ಟಕ ಸಿದ್ಧವಾಗಿ ಬರುತ್ತದೆ. ಗುರಿಯನ್ನು ಅದಕ್ಕೆ ಹೊಂದಿಸಿಕೊಳ್ಳುವುದಷ್ಟೇ ವಿಶ್ವವಿದ್ಯಾಲಯದ ಪಾಲಿಗೆ ಉಳಿದಿದೆ.

ಸಂಶೋಧನಾಲಯದಿಂದ ಕ್ರಾಫರ್ಡ್ ಹಾಲ್‌ಗೆ ನಡೆದೇ ಹೋಗಬಹುದು. 1947ರ ಈ ಕಟ್ಟಡದಲ್ಲಿ ಕುಲಪತಿ, ಕುಲಸಚಿವರ ಕಚೇರಿಗಳಿವೆ. ಆಡಳಿತದ ಭಾಷೆಯಲ್ಲಿ ಈಗ ಅತಿ ಹೆಚ್ಚು ಕೇಳುವ ಪದ 'ನ್ಯಾಕ್'. ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತನ್ನು ಯುಜಿಸಿ ಸ್ಥಾಪಿಸಿದ್ದು 1994ರಲ್ಲಿ. ಅದರ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನ ನಾಗರಬಾವಿಯಲ್ಲೇ ಇದೆ. 2017ರ ಪದ್ಧತಿಯಲ್ಲಿ ಏಳು ಮಾನದಂಡ, ಸಾವಿರ ಅಂಕ. ನಾಲ್ಕಕ್ಕೆ 3.51 ಮುಟ್ಟಿದರೆ ಎ++. ಅದರ ಪ್ರಕಾರ ಹೆಚ್ಚಿನ ಪಾಲು ಅಂಕ ಸಂಸ್ಥೆ ತಾನೇ ಅಪ್‌ಲೋಡ್ ಮಾಡುವ ಅಂಕಿಅಂಶದಿಂದ ಬರುತ್ತದೆ, ಉಳಿದದ್ದು ಸ್ಥಳಕ್ಕೆ ಬಂದು ನೋಡುವ ತಂಡದಿಂದ. ವಿಶ್ವವಿದ್ಯಾಲಯಕ್ಕಾದರೆ ಸಂಶೋಧನೆಗೆ 250, ಬೋಧನೆ ಮತ್ತು ಕಲಿಕೆಗೆ 200. ಸಂಯೋಜಿತ ಕಾಲೇಜಿಗಾದರೆ ಬೋಧನೆಗೇ 350. ಈ ವಿಂಗಡಣೆ ನನಗೆ ಸರಿ ಕಾಣುತ್ತದೆ. ತಾಲ್ಲೂಕು ಕಾಲೇಜಿನ ಮೇಷ್ಟ್ರನ್ನು ಎಷ್ಟು ಪ್ರಬಂಧ ಬರೆದಿರಿ ಎಂದು ಕೇಳುವ ಮೊದಲು ಹೇಗೆ ಪಾಠ ಮಾಡಿದಿರಿ ಎಂದು ಕೇಳಬೇಕು.

ಆಂತರಿಕ ಗುಣಮಟ್ಟ ಖಾತ್ರಿ ಕೋಶದ ಕೆಲಸ ಹೇಗಿರುತ್ತದೆ ಎಂದು ತೋರಿಸಿದವರು ಅದರಲ್ಲಿ ನುರಿತ ಸಿಬ್ಬಂದಿಯೊಬ್ಬರು. ಬೀರುವಿನ ಒಂದೊಂದು ಅಂಕಣಕ್ಕೆ ಒಂದೊಂದು ಮಾನದಂಡದ ಚೀಟಿ. ಒಂದು ವಿಚಾರಗೋಷ್ಠಿ ನಡೆದರೆ ಸುತ್ತೋಲೆ, ಆಹ್ವಾನ ಪತ್ರಿಕೆ, ಹಾಜರಾದವರ ಸಹಿ, ವರದಿ, ಜೊತೆಗೆ ಅಕ್ಷಾಂಶ ರೇಖಾಂಶ ಮೂಡಿದ ಫೋಟೊ. "ಫೋಟೊದಲ್ಲಿ ಜಾಗ ಬರ್ಬೇಕು ಸಾರ್, ಇಲ್ದಿದ್ರೆ ವಾಪಸ್ ಕೇಳ್ತಾರೆ" ಎಂದರು. ಫೈಲುಗಳನ್ನು ಅವರು ಜೋಡಿಸುವ ಅಚ್ಚುಕಟ್ಟು ಕಂಡು ಗೌರವ ಮೂಡಿತು. ಆದರೆ ಅಲ್ಲಿರುವುದೆಲ್ಲ ಗೋಷ್ಠಿ ನಡೆಯಿತು ಎಂಬುದಕ್ಕೆ ಪುರಾವೆ. ಅದರಿಂದ ಯಾರ ತಲೆಗೆ ಏನು ಹೋಯಿತು ಎಂಬುದಕ್ಕೆ ಆ ಬೀರುವಿನಲ್ಲಿ ಅಂಕಣವಿಲ್ಲ.

ಅದೇ ಕಡತಗಳ ನಡುವೆ ನನ್ನನ್ನು ಹಿಡಿದು ನಿಲ್ಲಿಸಿದ ಒಂದು ಸಾಲಿತ್ತು: ಕೊನೆಯ ಪರೀಕ್ಷೆ ಮುಗಿದ ದಿನದಿಂದ ಫಲಿತಾಂಶ ಪ್ರಕಟವಾಗುವವರೆಗೆ ಎಷ್ಟು ದಿನ? ನ್ಯಾಕ್ ವಿಶ್ವವಿದ್ಯಾಲಯಗಳನ್ನು ಕೇಳುವ ಪ್ರಶ್ನೆಗಳಲ್ಲಿ ವಿದ್ಯಾರ್ಥಿಯ ಬದುಕಿಗೆ ಇಷ್ಟು ಹತ್ತಿರದ್ದು ಇನ್ನೊಂದಿಲ್ಲ.

ಇದರ ಅರ್ಥವನ್ನು ಬಿಡಿಸಿ ಹೇಳಿದವಳು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸಿಕ್ಕ ಒಬ್ಬ ವಿದ್ಯಾರ್ಥಿನಿ. ಕ್ರಾಫರ್ಡ್ ಹಾಲ್ ಬಿಟ್ಟು ರೈಲು ಹಳಿ ದಾಟಿದರೆ ಕೆರೆ. ಸ್ನಾತಕೋತ್ತರ ಹುಡುಗ ಹುಡುಗಿಯರು ಸ್ಪರ್ಧಾತ್ಮಕ ಪರೀಕ್ಷೆಯ ಗೈಡು ಹಿಡಿದು ಕಲ್ಲುಬೆಂಚಿನ ಮೇಲೆ ಕೂತಿರುತ್ತಾರೆ. ಆಕೆ ಹೆಗ್ಗಡದೇವನಕೋಟೆ ಕಡೆಯವಳು, ಮನೆಯಲ್ಲಿ ಡಿಗ್ರಿ ಮಾಡಿದವರಲ್ಲಿ ಮೊದಲಿಗಳು. "ಫೈನಲ್ ಸೆಮ್ ರಿಸಲ್ಟ್ ಒಂದು ತಿಂಗಳು ಲೇಟಾದ್ರೆ ಬಿ.ಇಡಿ. ಅರ್ಜಿ ಹೋಯ್ತು ಸರ್. ಆಮೇಲೆ ಒಂದು ವರ್ಷ ಮನೇಲಿ ಕೂರ್ಬೇಕು. ಮನೇಲಿ ಕೂತ್ರೆ ಮದುವೆ ಮಾತು ಶುರು" ಎಂದಳು. ಊರಲ್ಲಿ ಅವಳ ಗೆಳತಿಯೊಬ್ಬಳಿಗೆ ಹಾಗೆಯೇ ಆಯಿತಂತೆ.

ಮೌಲ್ಯಮಾಪನ ಕೇಂದ್ರಕ್ಕೆ ಅಧ್ಯಾಪಕರು ಹೋಗಲಿಲ್ಲ, ಮರು ಮೌಲ್ಯಮಾಪನದ ಅರ್ಜಿ ಉಳಿದವು, ಆಂತರಿಕ ಅಂಕ ಕಾಲೇಜಿನಿಂದ ಬರಲಿಲ್ಲ, ತಂತ್ರಾಂಶದಲ್ಲಿ ತೊಂದರೆ. ತಡಕ್ಕೆ ಕಾರಣಗಳು ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಹೆಚ್ಚು ಕಡಿಮೆ ಇವೇ. ಪರೀಕ್ಷಾಂಗದ ಕುಲಸಚಿವರಿಗೆ ಅದು ದಿನದ ಲೆಕ್ಕವಾದರೆ ಆ ಹುಡುಗಿಗೆ ವರ್ಷದ ಲೆಕ್ಕ. ಹಾಗಾಗಿ ಈ ಒಂದು ಅಂಕಿ ಐದು ವರ್ಷಕ್ಕೊಮ್ಮೆ ಕಡತದಲ್ಲಿ ಸರಾಸರಿಯಾಗಿ ಕೂರುವುದು ಸಾಲದು. ಪ್ರತಿ ಸೆಮಿಸ್ಟರ್‌ನಲ್ಲಿ, ಪ್ರತಿ ಕೋರ್ಸಿನ ಎದುರು, ಪರೀಕ್ಷೆಯ ವೇಳಾಪಟ್ಟಿಯ ಜೊತೆಯಲ್ಲೇ ಫಲಿತಾಂಶದ ದಿನಾಂಕವನ್ನೂ ಗೋಡೆಗೆ ಅಂಟಿಸಬೇಕು. ಗುರಿ ಇಡುವುದು ಎಂದರೆ ನನ್ನ ಮಟ್ಟಿಗೆ ಇದು: ವಿದ್ಯಾರ್ಥಿ ಮುಂದೆ ನಿಂತು ಕೇಳಬಹುದಾದ ಮಾತು ಕೊಡುವುದು.

ಏರಿ ಇಳಿದು ಮಾನಸಗಂಗೋತ್ರಿಯೊಳಗೆ ಬಂದೆ. ಕುಲಪತಿಯಾಗಿದ್ದಾಗ ಕುವೆಂಪು ಹೆಸರಿಟ್ಟ ಆವರಣ, 1960ರಿಂದ ಸ್ನಾತಕೋತ್ತರ ವಿಭಾಗಗಳ ಮನೆ. ಮರಗಳ ನೆರಳಲ್ಲಿ ನಡೆಯುತ್ತ ವಿಭಾಗಗಳ ಫಲಕ ಓದುವುದೇ ಒಂದು ಸುಖ. ಆದರೆ ರಾಜ್ಯದ ಯಾವ ಹಳೆಯ ವಿಶ್ವವಿದ್ಯಾಲಯಕ್ಕೆ ಹೋದರೂ ಅಧ್ಯಾಪಕರ ಕೊಠಡಿಗಳ ಸಾಲಿನಲ್ಲಿ ಬೀಗ ಹಾಕಿದ ಬಾಗಿಲುಗಳು ಎದುರಾಗುತ್ತವೆ. ನಿವೃತ್ತರಾದವರ ಜಾಗಕ್ಕೆ ನೇಮಕವಾಗಿಲ್ಲ. ಪಾಠ ನಡೆಯುತ್ತಿರುವುದು ಅತಿಥಿ ಉಪನ್ಯಾಸಕರಿಂದ. ಮಂಜೂರಾದ ಹುದ್ದೆಗಳಲ್ಲಿ ಎಷ್ಟು ಭರ್ತಿಯಾಗಿವೆ ಎಂಬುದಕ್ಕೆ ನ್ಯಾಕ್ ಅಂಕ ಕೊಡುತ್ತದೆ, ಪೂರ್ಣಾವಧಿ ಅಧ್ಯಾಪಕರಿಗೆ ವಿದ್ಯಾರ್ಥಿಗಳ ಅನುಪಾತಕ್ಕೂ ಕೊಡುತ್ತದೆ. ಸರಿಯಾದ ಅಳತೆಯೇ. ಆದರೆ ಹುದ್ದೆ ತುಂಬಲು ಆರ್ಥಿಕ ಇಲಾಖೆಯ ಅನುಮತಿ ಬೇಕು, ಅದು ವಿಶ್ವವಿದ್ಯಾಲಯದ ಕೈಯಲ್ಲಿಲ್ಲ. ಅಂಕ ಕಳೆದುಕೊಳ್ಳುವುದು ವಿಶ್ವವಿದ್ಯಾಲಯ. ಹುದ್ದೆ ಖಾಲಿ ಬಿಟ್ಟ ಸರ್ಕಾರಕ್ಕೆ ಯಾವ ದರ್ಜೆಯೂ ಇಲ್ಲ. 2022–23ರ ಸುಮಾರಿಗೆ ಹಾಸನ, ಮಂಡ್ಯ, ಚಾಮರಾಜನಗರ, ಕೊಡಗು ಮುಂತಾದ ಕಡೆ ಹೊಸ ವಿಶ್ವವಿದ್ಯಾಲಯಗಳನ್ನು ತೆರೆದರು. ಹಣ, ಹುದ್ದೆ ಜೊತೆಯಲ್ಲಿ ಹೋಗಲಿಲ್ಲ. ಕೆಲವೇ ವರ್ಷದಲ್ಲಿ ಅವನ್ನು ಮುಚ್ಚುವ ಮಾತೂ ಬಂತು. ಸಾರ್ವಜನಿಕ ವಿಶ್ವವಿದ್ಯಾಲಯವನ್ನು ಅಳೆಯುವವರು ಅದಕ್ಕೆ ಅನ್ನ ಹಾಕುವವರನ್ನೂ ಅದೇ ಕೋಲಿನಲ್ಲಿ ಅಳೆಯಬೇಕು. ಇದನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ.

ಇನ್ನೊಂದು ಕೋಲು ಎನ್‌ಐಆರ್‌ಎಫ್, ಕೇಂದ್ರ ಸರ್ಕಾರದ ರ‍್ಯಾಂಕಿಂಗ್. 2016ರಲ್ಲಿ ಮೊದಲ ಪಟ್ಟಿ ಬಂತು. ಮೈಸೂರು ವಿಶ್ವವಿದ್ಯಾಲಯ 2021ರಲ್ಲಿ 19ನೇ ಸ್ಥಾನದಲ್ಲಿತ್ತು, 2022ರಲ್ಲಿ 33ನೇ ಸ್ಥಾನಕ್ಕೆ ಬಂತು. ಆ ಒಂದು ವರ್ಷದಲ್ಲಿ ಇಲ್ಲಿನ ಪಾಠ ಹದಿನಾಲ್ಕು ಮೆಟ್ಟಿಲು ಕೆಳಗಿಳಿಯಿತೆಂದು ನಾನು ನಂಬುವುದಿಲ್ಲ. ಬೇರೆಯವರು ಮುಂದೆ ಹೋದರೂ ಸ್ಥಾನ ಇಳಿಯುತ್ತದೆ. ಪಟ್ಟಿಯ ಒಳಗಿನ ಲೆಕ್ಕವನ್ನು ನೋಡಿದಾಗ ನೋವಾಯಿತು. ಒಟ್ಟು ನೂರರಲ್ಲಿ ಸಾಮಾಜಿಕ ಒಳಗೊಳ್ಳುವಿಕೆಗೆ ಇಟ್ಟದ್ದು ಹತ್ತು. ಆ ಹತ್ತರಲ್ಲಿ ಆರ್ಥಿಕವಾಗಿ, ಸಾಮಾಜಿಕವಾಗಿ ಹಿಂದುಳಿದ ವಿದ್ಯಾರ್ಥಿಗಳಿಗಾಗಿ ಎರಡು. ಹೊರರಾಜ್ಯ, ಹೊರದೇಶದಿಂದ ಬಂದವರ ಪ್ರಮಾಣಕ್ಕೆ ಮೂರು. ಎಂದರೆ ಕೆರೆ ಏರಿಯ ಮೇಲೆ ಮಾತಾಡಿದ ಆ ಹುಡುಗಿ ಕಾಡಂಚಿನ ಊರಿಂದ ಬಂದು ಎಂ.ಎ. ಓದುತ್ತಿರುವುದು ಪ್ರಾದೇಶಿಕ ವೈವಿಧ್ಯದ ಲೆಕ್ಕಕ್ಕೆ ಬರುವುದೇ ಇಲ್ಲ, ಅವಳು ಕರ್ನಾಟಕದವಳು. ರಾಜ್ಯದ ತೆರಿಗೆಯಲ್ಲಿ ನಡೆಯುವ ವಿಶ್ವವಿದ್ಯಾಲಯದ ಮೊದಲ ಕರ್ತವ್ಯವೇ ಅವಳು. 2024ರಿಂದ ರಾಜ್ಯ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ಬೇರೆ ಪಟ್ಟಿ ಮಾಡಿದ್ದಾರೆ, ಒಳ್ಳೆಯದು. ಪಟ್ಟಿ ಬೇರೆಯಾದರೆ ಸಾಲದು, ಪ್ರಶ್ನೆಗಳೂ ಬೇರೆಯಾಗಬೇಕು.

ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯ ಮುಂದೆ ಸ್ವಲ್ಪ ಹೊತ್ತು ನಿಂತೆ. ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶ, ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳು, ಪ್ರಸಾರಾಂಗದ ಪುಟ್ಟ ಪುಟ್ಟ ಪುಸ್ತಕಗಳು ಈ ವಿಶ್ವವಿದ್ಯಾಲಯ ನಾಡಿಗೆ ಕೊಟ್ಟವು. ಹಳ್ಳಿಗೆ ಹೋಗಿ ಉಪನ್ಯಾಸ ಮಾಡಿ, ಅದನ್ನೇ ಅಗ್ಗದ ಬೆಲೆಗೆ ಅಚ್ಚು ಹಾಕಿಸಿದ ಅಧ್ಯಾಪಕರ ಪರಂಪರೆ ಅದು. ರ‍್ಯಾಂಕಿಂಗ್‌ಗೆ ಪ್ರಬಂಧಗಳನ್ನು ಎಣಿಸುವುದು ಸ್ಕೋಪಸ್, ವೆಬ್ ಆಫ್ ಸೈನ್ಸ್ ದತ್ತಾಂಶದಿಂದ. ಕನ್ನಡದಲ್ಲಿ ಬರೆದದ್ದರಲ್ಲಿ ಬಹುಪಾಲು ಅಲ್ಲಿ ಕಾಣಿಸುವುದಿಲ್ಲ. ಜಯಲಕ್ಷ್ಮಿವಿಲಾಸದ ಜಾನಪದ ವಸ್ತುಸಂಗ್ರಹಾಲಯವನ್ನು ಕಟ್ಟಲು ಪಿ.ಆರ್. ತಿಪ್ಪೇಸ್ವಾಮಿ, ಜೀ.ಶಂ. ಪರಮಶಿವಯ್ಯ ಊರೂರು ಅಲೆದರಲ್ಲ, ಆ ಅಲೆದಾಟಕ್ಕೆ ಯಾವ ಸೂಚ್ಯಂಕ? ಕನ್ನಡದ ವಿದ್ವತ್ತಿಗೆ ನಮ್ಮದೇ ಒಂದು ನಂಬಲರ್ಹ ಉಲ್ಲೇಖ ಸೂಚಿಯನ್ನು ರಾಜ್ಯದ ವಿಶ್ವವಿದ್ಯಾಲಯಗಳು ಕೂಡಿ ಮಾಡಬಹುದು. ಖರ್ಚು ಹೆಚ್ಚಿನದಲ್ಲ, ಮನಸ್ಸು ಬೇಕು.

ಕೊನೆಗೆ ಒಂದು ಭಾಷಾ ವಿಭಾಗಕ್ಕೆ ಹೋದೆ. ಅಲ್ಲಿನ ಪ್ರಾಧ್ಯಾಪಕಿ ಪರಿಚಿತರು. ಮೇಜಿನ ಮೇಲೆ ಪಠ್ಯದ 'ಕಲಿಕಾ ಫಲ'ಗಳ ಕೋಷ್ಟಕವಿತ್ತು. ಎಡಗಡೆ ಪತ್ರಿಕೆಯ ಐದು ಫಲ, ಮೇಲೆ ಇಡೀ ಕೋರ್ಸಿನ ಫಲಗಳು, ನಡುವಿನ ಮನೆಗಳಲ್ಲಿ ಒಂದು, ಎರಡು, ಮೂರು. ಅದರಿಂದ ತಮಗೆ ಉಪಯೋಗವಾಗಿದೆ ಎಂದೇ ಅವರು ಹೇಳಿದರು. "ಹಳಗನ್ನಡ ಪತ್ರಿಕೆ ಮುಗಿಸಿದ ಹುಡುಗ ಹೊಸ ಪದ್ಯ ಕೊಟ್ರೆ ತಾನೇ ಅನ್ವಯ ಮಾಡ್ಬೇಕು ಅಂತ ಬರೆದೆ. ಬರೆದ ಮೇಲೆ ಗೊತ್ತಾಯ್ತು, ನಮ್ಮ ಪ್ರಶ್ನೆಪತ್ರಿಕೆಲಿ ಅದನ್ನ ಪರೀಕ್ಷೆ ಮಾಡೋ ಒಂದು ಪ್ರಶ್ನೇನೂ ಇಲ್ಲ ಅಂತ." ಆ ವರ್ಷದಿಂದ ಪಠ್ಯದಲ್ಲಿಲ್ಲದ ಒಂದು ಪದ್ಯವನ್ನು ಪ್ರಶ್ನೆಪತ್ರಿಕೆಗೆ ಸೇರಿಸಿದ್ದಾರೆ.

ಆಮೇಲೆ ಡ್ರಾಯರ್‌ನಿಂದ ಉದ್ದನೆಯ ರಟ್ಟಿನ ರಿಜಿಸ್ಟರ್ ತೆಗೆದರು. ಪಾಸಾಗಿ ಹೋದ ಪ್ರತಿ ವಿದ್ಯಾರ್ಥಿಗೂ ಒಂದು ಸಾಲು. ಊರು, ಅಪ್ಪ ಅಮ್ಮ ಓದಿದ್ದೆಷ್ಟು, ಹೋಗುವಾಗಿನ ಫೋನ್ ನಂಬರು, ವರ್ಷಕ್ಕೊಮ್ಮೆ ಕೇಳಿ ಬರೆದ ಟಿಪ್ಪಣಿ. 'ಪಿಯು ಕಾಲೇಜು, ಅತಿಥಿ.' 'ಪೊಲೀಸ್, ತರಬೇತಿ.' 'ಡಿಟಿಪಿ, ಕರಡು ತಿದ್ದುವುದು.' 'ಮದುವೆ, ಓದು ಮುಂದುವರಿಸಬೇಕಂತೆ.' ನೇಮಕಾತಿ ಪತ್ರದ ಪ್ರತಿ ಇಲ್ಲದ ಸಾಲುಗಳು ಅಧಿಕೃತ ಲೆಕ್ಕಕ್ಕೆ ಸೇರುವುದಿಲ್ಲ, ಆದರೂ ಬರೆಯುತ್ತಾರೆ. ಪುಟ ತಿರುಗಿಸುತ್ತ ಒಂದು ಸಂಗತಿ ಅವರಿಗೇ ಕಂಡಿದೆ. ಕೆಲಸ ಸಿಕ್ಕವರಲ್ಲಿ ಹಲವರು ಅನುವಾದ, ಕರಡು ತಿದ್ದುವುದು, ಉಪಶೀರ್ಷಿಕೆ ಬರೆಯುವುದು ಇಂಥವನ್ನೇ ಹಿಡಿದಿದ್ದಾರೆ. ವಿಭಾಗದಲ್ಲಿ ಅನುವಾದ ಇನ್ನೂ ಐಚ್ಛಿಕ ಪತ್ರಿಕೆ. ಅದನ್ನು ಕಡ್ಡಾಯ ಮಾಡಬೇಕೆಂದು, ಸಂಪಾದನೆಯ ಪ್ರಾಯೋಗಿಕ ಕೆಲಸವನ್ನು ಅದಕ್ಕೆ ಸೇರಿಸಬೇಕೆಂದು ಮುಂದಿನ ಅಧ್ಯಯನ ಮಂಡಳಿ ಸಭೆಗೆ ವಿಷಯ ಕಳಿಸಿದ್ದಾರೆ. ಟಿಪ್ಪಣಿಯ ಜೊತೆ ಲಗತ್ತಿಸಲು ರಿಜಿಸ್ಟರಿನ ಪುಟಗಳನ್ನು ಜೆರಾಕ್ಸ್ ಮಾಡಿಸಬೇಕಿತ್ತು. ಫೋನ್ ನಂಬರಿನ ಕಾಲಂ ಮುಚ್ಚಲು ಕಾಗದದ ಪಟ್ಟಿ ಕತ್ತರಿಸಿಕೊಂಡು ನಾವಿಬ್ಬರೂ ಜೆರಾಕ್ಸ್ ಅಂಗಡಿಗೆ ಹೊರಟೆವು.