ಹಿಮದ ನಾಡಿನ ನಾಯಿ: ಅಂಗಳದಲ್ಲಿರಬೇಕೆ, ಮನೆಯೊಳಗೆ ಬರಬೇಕೆ?

ಬೆಂಗಳೂರು: ‘ದೇವರು ತುಪ್ಪಳ ಕೊಟ್ಟಿದ್ದಾನಲ್ಲ, ನಾಯಿಗೆಂಥ ಚಳಿ?’ ಎಂಬ ಮಾತು ನಮ್ಮ ಹಳ್ಳಿಯ ಜಗಲಿಯಲ್ಲಿ ಎಷ್ಟು ಸಹಜವೋ ಅಮೆರಿಕದ ಮಿನೆಸೋಟ ರಾಜ್ಯದ ತೋಟದ ಮನೆಗಳಲ್ಲೂ ಅಷ್ಟೇ ಸಹಜ. ನಮ್ಮಲ್ಲಿ ಆ ಮಾತು ಬಹುಮಟ್ಟಿಗೆ ನಿಜವಾಗಿಬಿಡುತ್ತದೆ. ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಶೂನ್ಯಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವ ಮಿನೆಸೋಟದಲ್ಲಿ ಅದೇ ಮಾತು ನಾಯಿಯ ಪ್ರಾಣಕ್ಕೆ ಎರವಾಗುವುದುಂಟು.

ಉದ್ಯೋಗ ಅರಸಿ ಉತ್ತರ ಅಮೆರಿಕಕ್ಕೋ ಯೂರೋಪಿಗೋ ಹೋದ ಕನ್ನಡಿಗರು ಅಲ್ಲಿ ನಾಯಿ ಸಾಕಿದಾಗ, ಊರಿನಿಂದ ಹೋದ ತಂದೆತಾಯಿಯರಿಗೆ ಮೊದಲು ವಿಚಿತ್ರವಾಗಿ ಕಾಣುವುದು ಸೋಫಾದ ಮೇಲೆ ಮಲಗಿದ ನಾಯಿ. ಮನೆ ಕಾಯಬೇಕಾದ ಪ್ರಾಣಿ ಮನೆಯೊಳಗೇಕೆ ಎಂಬುದು ಅವರ ಪ್ರಶ್ನೆ. ಗ್ರೀನ್‌ಲ್ಯಾಂಡಿನ ನಾಯಿಗಳು ಹಿಮದಲ್ಲೇ ಹೂತು ಮಲಗುವ ಚಿತ್ರಗಳನ್ನು ಕಂಡವರಿಗೆ ಈ ಪ್ರಶ್ನೆ ಇನ್ನಷ್ಟು ಸಮಂಜಸವೆನಿಸೀತು. ಆದರೆ ಯಾವ ನಾಯಿ, ಎಂಥ ಮೈ, ಯಾವ ಸ್ಥಿತಿಯಲ್ಲಿ ಹೊರಗಿದೆ ಎಂದು ಕೇಳದೆ ಇದಕ್ಕೆ ಉತ್ತರ ಹೇಳಲಾಗದು.

ಒಂದೇ ಚಳಿ, ಎರಡು ಬಗೆಯ ನಾಯಿ

ಇದಕ್ಕೆ ಶತಮಾನದಷ್ಟು ಹಳೆಯ ನಿದರ್ಶನವೊಂದಿದೆ. 1925ರ ಜನವರಿಯಲ್ಲಿ ಅಲಾಸ್ಕದ ಪಶ್ಚಿಮ ಕರಾವಳಿಯ ನೋಮ್ ಎಂಬ ಪಟ್ಟಣದಲ್ಲಿ ಗಂಟಲಮಾರಿ ರೋಗ ಹಬ್ಬಿತು. ಸಮುದ್ರ ಹೆಪ್ಪುಗಟ್ಟಿ ಹಡಗು ಬರುವಂತಿರಲಿಲ್ಲ. ರೈಲಿನಲ್ಲಿ ನೆನಾನ ಎಂಬ ಊರಿನವರೆಗೆ ಮಾತ್ರ ಔಷಧ ತಲುಪಿಸಬಹುದಿತ್ತು. ಅಲ್ಲಿಂದ ನೋಮ್‌ವರೆಗಿನ ಸುಮಾರು 1,085 ಕಿಲೊಮೀಟರ್ ದೂರವನ್ನು 20 ಮಂದಿ ಸವಾರರು, ಸುಮಾರು 150 ನಾಯಿಗಳ ನೆರವಿನಿಂದ, ಒಬ್ಬರಿಂದ ಇನ್ನೊಬ್ಬರಿಗೆ ಔಷಧದ ಪೊಟ್ಟಣ ದಾಟಿಸುತ್ತ ಐದೂವರೆ ದಿನಗಳಲ್ಲಿ ಕ್ರಮಿಸಿದರು. ಕೊನೆಯ ತಂಡದ ಮುಂದಾಳಾಗಿದ್ದ ಬಾಲ್ಟೊ ಎಂಬ ನಾಯಿಯ ಪ್ರತಿಮೆ ಅದೇ ವರ್ಷ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ನಿಂತಿತು.

ಪ್ರತಿಮೆಯ ಭಾಗ್ಯ ಸಿಗದ ಇನ್ನೆರಡು ನಾಯಿಗಳ ಕಥೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು. ಬಿಷಪ್ ಮೌಂಟನ್‌ನಿಂದ ನುಲಾಟೊವರೆಗಿನ ಸುಮಾರು 50 ಕಿಲೊಮೀಟರ್ ಹಾದಿ ಚಾರ್ಲಿ ಇವಾನ್ಸ್ ಎಂಬ ಸವಾರನ ಪಾಲಿಗೆ ಬಂದಿತ್ತು. ಆಗಿನ ಉಷ್ಣಾಂಶ ಶೂನ್ಯಕ್ಕಿಂತ 52 ಡಿಗ್ರಿ ಕೆಳಗೆ. ಅವನ ತಂಡದ ಮುಂದಿನ ಎರಡು ನಾಯಿಗಳು ಗಿಡ್ಡ ಕೂದಲಿನ ಮಿಶ್ರತಳಿಯವು. ಅಂಥ ನಾಯಿಗಳ ತೊಡೆಸಂದಿಗೆ ಮೊಲದ ಚರ್ಮ ಕಟ್ಟಿ ಕಾಪಾಡುವುದು ರೂಢಿ. ಅಂದು ಅದು ಮರೆತುಹೋಗಿತ್ತು. ದಾರಿಯಲ್ಲಿ ಎರಡೂ ನಾಯಿಗಳು ಹಿಮಕಡಿತಕ್ಕೆ ಸಿಕ್ಕಿ ಕುಸಿದವು. ಇವಾನ್ಸ್ ತಾನೇ ಮುಂದೆ ನಿಂತು ಗಾಡಿ ಎಳೆಯಬೇಕಾಯಿತು. ಅವೆರಡೂ ಬದುಕಲಿಲ್ಲ. ಗಾಡಿ, ಹಾದಿ, ಚಳಿ ಎಲ್ಲ ಒಂದೇ ಆಗಿದ್ದರೂ ದಟ್ಟ ತುಪ್ಪಳದ ಜೊತೆಗಾರ ನಾಯಿಗಳು ಊರು ಸೇರಿದವು.

ತುಪ್ಪಳದ ಲೆಕ್ಕಾಚಾರ

ಹಸ್ಕಿ, ಮಲಮ್ಯೂಟ್, ಸಮೊಯೆಡ್ ಮೊದಲಾದ ಶೀತವಲಯದ ತಳಿಗಳಿಗೆ ಎರಡು ಪದರದ ತುಪ್ಪಳವಿರುತ್ತದೆ. ಮೇಲಿನದು ಒರಟಾದ ಉದ್ದ ಕೂದಲು. ನೀರು, ಹಿಮಗಳನ್ನು ಜಾರಿಸಿಬಿಡುತ್ತದೆ. ಒಳಗಿನದು ಉಣ್ಣೆಯಂಥ ಮೃದು ಪದರ. ಬೆಚ್ಚಗಿಡುವುದು ವಾಸ್ತವವಾಗಿ ಕೂದಲಲ್ಲ, ಆ ಕೂದಲುಗಳ ನಡುವೆ ಸಿಕ್ಕಿಕೊಂಡ ಗಾಳಿ. ನಾಯಿ ಮುದುಡಿ ಮಲಗಿ ಪೊದೆಯಂಥ ಬಾಲವನ್ನು ಮೂಗಿನ ಮೇಲೆ ಎಳೆದುಕೊಂಡರೆ, ಶಾಖ ಸೋರುವ ಮೇಲ್ಮೈ ಗಣನೀಯವಾಗಿ ಕಡಿಮೆಯಾಗುತ್ತದೆ.

ಪ್ರತಿ ಪ್ರಾಣಿಗೂ ಹೆಚ್ಚುವರಿ ಶಕ್ತಿ ವ್ಯಯಿಸದೆ ಮೈಶಾಖ ಕಾಯ್ದುಕೊಳ್ಳಬಲ್ಲ ಉಷ್ಣಾಂಶದ ವಲಯವೊಂದಿರುತ್ತದೆ. ಅದಕ್ಕಿಂತ ಕೆಳಗಿಳಿದರೆ ಒಳಗಿನ ಒಲೆಗೆ ಸೌದೆ ಹೆಚ್ಚು ಹಾಕಲೇಬೇಕು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2006ರಲ್ಲಿ ಹೊರತಂದ ನಾಯಿ, ಬೆಕ್ಕುಗಳ ಪೋಷಣೆಯ ಕುರಿತ ಗ್ರಂಥವು ಈ ವಲಯವನ್ನು ಉದ್ದ ಕೂದಲಿನ ನಾಯಿಗಳಿಗೆ 15ರಿಂದ 20 ಡಿಗ್ರಿ, ಗಿಡ್ಡ ಕೂದಲಿನವಕ್ಕೆ 20ರಿಂದ 25 ಡಿಗ್ರಿ, ಅಲಾಸ್ಕದ ಹಸ್ಕಿಗಳಿಗೆ 10ರಿಂದ 15 ಡಿಗ್ರಿ ಎಂದು ನೀಡುತ್ತದೆ. ಇದು ಸಾವಿನ ಗೆರೆಯಲ್ಲ, ಖರ್ಚು ಆರಂಭವಾಗುವ ಗೆರೆ ಎಂಬುದನ್ನು ಗಮನಿಸಬೇಕು. ಹಾಗೆ ನೋಡಿದರೆ ಬೆಂಗಳೂರಿನ ಜನವರಿಯ ನಸುಕಿನಲ್ಲೂ ಗಿಡ್ಡ ಕೂದಲಿನ ನಾಯಿಯೊಂದು ಸ್ವಲ್ಪಮಟ್ಟಿಗೆ ಕೈಯಿಂದ ಖರ್ಚು ಮಾಡುತ್ತಲೇ ಇರುತ್ತದೆ. ಹೊಟ್ಟೆ ತುಂಬಿದ್ದರೆ ಅದು ದೊಡ್ಡ ಸಂಗತಿಯಲ್ಲ.

ನಮ್ಮ ಮುಧೋಳ ತಳಿಯನ್ನೇ ತೆಗೆದುಕೊಳ್ಳಿ. ಬಾಗಲಕೋಟೆ ಜಿಲ್ಲೆಯ ಬಿಸಿಲಿನಲ್ಲಿ ರೂಪುಗೊಂಡ ಈ ಬೇಟೆನಾಯಿಗೆ ಅಂಟಿಕೊಂಡಂಥ ಗಿಡ್ಡ ಕೂದಲು, ಕೊಬ್ಬಿಲ್ಲದ ತೆಳು ಮೈ. ಬಿಸಿಲಲ್ಲಿ ಓಡಲು ಒದಗುವ ಇದೇ ಗುಣಗಳು ಹಿಮದಲ್ಲಿ ಕೊರತೆಯಾಗುತ್ತವೆ. ಭಾರತೀಯ ಸೇನೆ 2016ರಲ್ಲಿ ಈ ತಳಿಯ ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಒಯ್ದಾಗ ಕನ್ನಡಿಗರು ಹೆಮ್ಮೆಪಟ್ಟದ್ದು ಸರಿಯೇ. ಆದರೆ ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವ ಉತ್ತರದ ಚಳಿಗಾಲ ಈ ಮೈಗೆ ಹೊಸದು. ಅಂಚೆ ಇಲಾಖೆ 2005ರಲ್ಲಿ ಭಾರತೀಯ ತಳಿಗಳ ನಾಲ್ಕು ಅಂಚೆಚೀಟಿಗಳನ್ನು ಹೊರಡಿಸಿದಾಗ ಮುಧೋಳದ ನಾಯಿ ಹಿಮಾಲಯದ ಕುರಿನಾಯಿಯೊಂದಿಗೆ ಕಾಣಿಸಿಕೊಂಡಿತ್ತು. ಆ ಎರಡು ಚಿತ್ರಗಳ ತುಪ್ಪಳವನ್ನು ಹೋಲಿಸಿದರೆ ‘ನಾಯಿ’ ಎಂಬ ಒಂದೇ ಹೆಸರಿನಡಿ ಎಷ್ಟು ಅಂತರ ಅಡಗಿದೆ ಎಂಬುದು ತಿಳಿಯುತ್ತದೆ.

ಬರಿಗಾಲಿನಲ್ಲಿ ಹಿಮದ ಮೇಲೆ ಓಡುವ ನಾಯಿಯ ಪಾದ ಏಕೆ ಹೆಪ್ಪುಗಟ್ಟುವುದಿಲ್ಲ? ಜಪಾನಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ವಿವರಿಸಿದೆ. ಅಂಗಾಲಿನೊಳಗೆ ಬಿಸಿ ರಕ್ತ ತರುವ ಅಪಧಮನಿಗಳನ್ನು ಸಣ್ಣ ಅಭಿಧಮನಿಗಳ ಜಾಲ ಸುತ್ತುವರಿದಿರುತ್ತದೆ. ಪಾದದಿಂದ ಮರಳುವ ತಣ್ಣನೆಯ ರಕ್ತ ದಾರಿಯಲ್ಲೇ ಶಾಖ ಪಡೆದುಕೊಂಡು ಒಡಲಿಗೆ ಸೇರುತ್ತದೆ. ಅಚ್ಚುಕಟ್ಟಾದ ಏರ್ಪಾಡೇ ಸರಿ. ಆದರೆ ಕಿವಿಯ ತುದಿ, ಬಾಲದ ತುದಿ, ವೃಷಣಗಳಿಗೆ ಇಂಥ ರಕ್ಷಣೆ ಅಷ್ಟಾಗಿಲ್ಲ. ಹಿಮಕಡಿತ ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ. ಪಾದಕ್ಕೂ ಬೇರೆ ಅಪಾಯಗಳಿವೆ: ಬೆರಳುಗಳ ನಡುವೆ ಕಟ್ಟುವ ಮಂಜಿನ ಉಂಡೆ ಮತ್ತು ರಸ್ತೆಯ ಹಿಮ ಕರಗಿಸಲು ಚೆಲ್ಲುವ ಉಪ್ಪು.

ತಳಿಯೊಂದೇ ಎಲ್ಲವೂ ಅಲ್ಲ. ಚಳಿಗಾಲದ ದಟ್ಟ ತುಪ್ಪಳ ಬೆಳೆಯುವುದು ಹಗಲು ಕಿರಿದಾಗುತ್ತ ಬರುವ ವಾರಗಳಲ್ಲಿ, ನಿಧಾನವಾಗಿ. ವಿದ್ಯುದ್ದೀಪ, ಹೀಟರುಗಳ ನಡುವೆ ವರ್ಷವಿಡೀ ಬದುಕಿದ ಹಸ್ಕಿಯನ್ನು ಜನವರಿಯಲ್ಲಿ ಇದ್ದಕ್ಕಿದ್ದಂತೆ ಹೊರಗೆ ಕಟ್ಟಿದರೆ ಅದರ ಕುಲನಾಮ ಹೆಚ್ಚು ದಿನ ಕಾಪಾಡಲಾರದು. ಚಿಕ್ಕ ನಾಯಿಗಳ ಮೈತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚಾದ್ದರಿಂದ ಅವು ಬೇಗ ತಣ್ಣಗಾಗುತ್ತವೆ. ಮೊದಲ ಕೆಲವು ವಾರಗಳಲ್ಲಿ ಮರಿಗಳಿಗೆ ತಮ್ಮ ಶಾಖವನ್ನು ತಾವೇ ಕಾಯ್ದುಕೊಳ್ಳುವ ಶಕ್ತಿಯಿರುವುದಿಲ್ಲ. ಮುದಿ ನಾಯಿಗಳು, ಕೀಲುಬೇನೆ, ಥೈರಾಯ್ಡ್ ಅಥವಾ ಮೂತ್ರಪಿಂಡದ ತೊಂದರೆಯಿರುವ ನಾಯಿಗಳು ಇದೇ ಪಟ್ಟಿಗೆ ಸೇರುತ್ತವೆ.

ಥರ್ಮಾಮೀಟರು ಹೇಳದ ಸಂಗತಿಗಳೂ ಎರಡಿವೆ: ಗಾಳಿ ಮತ್ತು ಒದ್ದೆ. ಬಿರುಗಾಳಿ ತುಪ್ಪಳದೊಳಗಿನ ಬೆಚ್ಚನೆಯ ಗಾಳಿಯನ್ನು ಕದಡಿಬಿಡುತ್ತದೆ. ಒಳಪದರದವರೆಗೆ ನೆನೆದ ತುಪ್ಪಳ ಹೆಚ್ಚುಕಡಿಮೆ ನಿರುಪಯುಕ್ತ. ಹೀಗಾಗಿ ಶೂನ್ಯಕ್ಕಿಂತ 10 ಡಿಗ್ರಿ ಕೆಳಗಿನ ಒಣ, ನಿಶ್ಚಲ ರಾತ್ರಿಗಿಂತ 3 ಡಿಗ್ರಿಯ ಜಿಟಿಜಿಟಿ ಮಳೆಯ ರಾತ್ರಿ ನಾಯಿಗೆ ಹೆಚ್ಚು ಅಪಾಯಕಾರಿಯಾಗುವ ಸಾಧ್ಯತೆಯಿದೆ.

ಹೊರಗೇ ಬದುಕುವ ನಾಯಿಗಳ ಮಾತೇನು?

ಗ್ರೀನ್‌ಲ್ಯಾಂಡಿನ ಪೂರ್ವ ಭಾಗದಲ್ಲೂ, ಪಶ್ಚಿಮ ಕರಾವಳಿಯಲ್ಲಿ ಉತ್ತರ ಧ್ರುವವೃತ್ತದಿಂದ ಆಚೆಗೂ ಸ್ಥಳೀಯ ಗಾಡಿ ಎಳೆಯುವ ತಳಿಯನ್ನು ಬಿಟ್ಟು ಬೇರೆ ನಾಯಿ ಸಾಕುವಂತಿಲ್ಲ. ತಳಿಯ ಶುದ್ಧಿಗಾಗಿ ಮಾಡಿದ ನಿಯಮವದು. ಆ ನಾಯಿಗಳು ಹೊರಗೇ ಮಲಗುತ್ತವೆ. ಈಶಾನ್ಯ ಗ್ರೀನ್‌ಲ್ಯಾಂಡಿನಲ್ಲಿ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ಪಡೆಯ ನಾಯಿಗಳೂ ಅಷ್ಟೇ. ಹೊರಗಿಡುವುದನ್ನು ಸಮರ್ಥಿಸುವವರು ಇವುಗಳನ್ನೇ ಎತ್ತಿ ತೋರಿಸುತ್ತಾರೆ.

ಆದರೆ ಇಂಥ ನಾಯಿಗಳಿಗೆ ಸಿಗುವ ಆರೈಕೆಯನ್ನೂ ನೋಡಬೇಡವೆ? ಅಲಾಸ್ಕದಲ್ಲಿ 1973ರಿಂದ ನಡೆಯುತ್ತಿರುವ ಇಡಿಟರಾಡ್ ಓಟದಲ್ಲಿ ಪ್ರತಿ ನಾಯಿಗೆ ಎಂಟು ಕಾಲುಚೀಲಗಳನ್ನು ಒಯ್ಯುವುದು ಕಡ್ಡಾಯ. ತಂಗುದಾಣಗಳಲ್ಲಿ ಮಲಗಲು ಹುಲ್ಲಿನ ಹಾಸಿಗೆಯಿದೆ, ಪರೀಕ್ಷಿಸಲು ಪಶುವೈದ್ಯರಿದ್ದಾರೆ. ಓಟದ ದಿನಗಳಲ್ಲಿ ಒಂದು ನಾಯಿ ದಿನಕ್ಕೆ 10,000 ಕಿಲೊಕ್ಯಾಲೊರಿಗೂ ಹೆಚ್ಚಿನ ಕೊಬ್ಬುಭರಿತ ಆಹಾರ ತಿನ್ನುತ್ತದೆ. ಕೆಲಸವಿದೆ, ಜೊತೆಗೆ ಹಿಂಡಿದೆ, ದಿನಕ್ಕೆ ಹಲವು ಬಾರಿ ಪಾದ ಮುಟ್ಟಿ ನೋಡುವ ಸವಾರನಿದ್ದಾನೆ. ಇಷ್ಟಾದರೂ ಆ ಓಟದಲ್ಲಿ ನಾಯಿಗಳು ಸತ್ತದ್ದುಂಟು, ಅದರ ಬಗ್ಗೆ ವಿವಾದವೂ ಉಂಟು. ಹಿತ್ತಲಿನ ಗೂಟಕ್ಕೆ ಒಂಟಿಯಾಗಿ ಕಟ್ಟಿಸಿಕೊಂಡು, ಹೆಪ್ಪುಗಟ್ಟಿದ ನೀರಿನ ಬಟ್ಟಲ ಮುಂದೆ ಕುಳಿತ ನಾಯಿಗೆ ಇವುಗಳಲ್ಲಿ ಒಂದೂ ಇಲ್ಲ. ಎರಡನ್ನೂ ‘ಹೊರಗಿರುವ ನಾಯಿ’ ಎಂದು ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ.

ಕಾನೂನು ಎಳೆದ ಗೆರೆ

ಪ್ರಯೋಗಾಲಯ, ನಾಯಿ ವ್ಯಾಪಾರ, ಪ್ರದರ್ಶನಗಳಿಗೆ ಅನ್ವಯಿಸುವ ಅಮೆರಿಕದ ಕೇಂದ್ರ ನಿಯಮಗಳು ಆ ಹವೆಗೆ ಒಗ್ಗದ, ಚಳಿ ತಾಳಲಾರದ ತಳಿಗಳ ಹಾಗೂ ಕಾಯಿಲೆಯ, ಮುದಿ, ಎಳೆಯ ನಾಯಿಗಳನ್ನು ಪಶುವೈದ್ಯರ ಒಪ್ಪಿಗೆಯಿಲ್ಲದೆ ಹೊರಗೆ ಇರಿಸುವಂತಿಲ್ಲ ಎನ್ನುತ್ತವೆ. ಉಷ್ಣಾಂಶ 10 ಡಿಗ್ರಿಗಿಂತ ಇಳಿದರೆ ಗೂಡಿನಲ್ಲಿ ಒಣ ಹಾಸು ಇರಬೇಕು, 1.7 ಡಿಗ್ರಿಗೆ ಇಳಿದರೆ ಇನ್ನಷ್ಟು ಹಾಕಬೇಕು. ಲೋಹದ ಪೀಪಾಯಿ, ಕಾರು, ಹಳೆಯ ಫ್ರಿಜ್ ಮುಂತಾದವನ್ನು ಗೂಡಾಗಿ ಬಳಸಕೂಡದು ಎಂದೂ ಅದರಲ್ಲಿ ಬರೆದಿದೆ. ಯಾರೋ ಬಳಸಿದ್ದರಿಂದಲೇ ಹಾಗೆ ಬರೆಯಬೇಕಾಯಿತೇನೋ!

ಸಾಕುನಾಯಿಗಳ ವಿಷಯದಲ್ಲಿ ರಾಜ್ಯ ರಾಜ್ಯಕ್ಕೂ ಕಾನೂನು ಬೇರೆ. ಪೆನ್ಸಿಲ್ವೇನಿಯ 2017ರಲ್ಲಿ ತಂದ ಕಾನೂನಿಗೆ, ಅದಕ್ಕೂ ಹಿಂದಿನ ವರ್ಷ ದಾರುಣ ಸ್ಥಿತಿಯಲ್ಲಿ ಸಿಕ್ಕಿ ಬದುಕುಳಿದ ‘ಲೀಬ್ರೆ’ ಎಂಬ ನಾಯಿಮರಿಯ ಹೆಸರಿದೆ. ಅದರಂತೆ ಉಷ್ಣಾಂಶ ಶೂನ್ಯ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದಾಗ ನಾಯಿಯನ್ನು 30 ನಿಮಿಷಕ್ಕಿಂತ ಹೆಚ್ಚು ಹೊತ್ತು ಹೊರಗೆ ಕಟ್ಟಿಹಾಕುವಂತಿಲ್ಲ. ಬಿಚ್ಚಿದ ನಾಯಿ ಗಾಳಿಯ ಮರೆ ಹುಡುಕಬಲ್ಲದು, ಓಡಾಡಿ ಮೈ ಕಾಯಿಸಿಕೊಳ್ಳಬಲ್ಲದು. ಕಟ್ಟಿದ ನಾಯಿಗೆ ಆ ಆಯ್ಕೆಯಿಲ್ಲ. ಹಾಗಾಗಿ ಸರಪಳಿಗೆ ನಿಮಿಷದ ಲೆಕ್ಕ ಹಾಕಿದ್ದು ವಿವೇಕದ ಕ್ರಮವೆನ್ನಬೇಕು. ಹಸ್ಕಿಗೂ ಚಿವಾವಾಗೂ ಒಂದೇ ಅಂಕಿ ಎಂಬ ಆಕ್ಷೇಪದಲ್ಲಿ ಹುರುಳಿದ್ದರೂ, ಪೊಲೀಸರು ಗಡಿಯಾರ ಮತ್ತು ಥರ್ಮಾಮೀಟರ್ ನೋಡಿ ಕ್ರಮ ಜರುಗಿಸಲು ಇಂಥ ಅಂಕಿಯೇ ಬೇಕಾಗುತ್ತದೆ.

ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ವಿಧಿ, ಸಾಕಷ್ಟು ಆಹಾರ, ನೀರು, ಆಸರೆ ನೀಡದಿರುವುದನ್ನೂ ಅತಿ ಗಿಡ್ಡ ಸರಪಳಿಯಲ್ಲಿ ಬಹುಕಾಲ ಕಟ್ಟಿಹಾಕುವುದನ್ನೂ ಅಪರಾಧವೆನ್ನುತ್ತದೆ. ಉಷ್ಣಾಂಶದ ಅಂಕಿ ಅದರಲ್ಲಿಲ್ಲ. ಮೊದಲ ಸಲ ತಪ್ಪೆಸಗಿದವರಿಗೆ ಕಾಯ್ದೆ ಗೊತ್ತುಪಡಿಸಿದ ದಂಡ 10ರಿಂದ 50 ರೂಪಾಯಿ. ಆ ಹಣಕ್ಕೆ ಇಂದು ಒಂದು ಹೊತ್ತಿನ ನಾಯಿ ಆಹಾರವೂ ಬಾರದು.

ಗೂಡು ಹೇಗಿರಬೇಕು?

ಅನಿವಾರ್ಯವಾಗಿ ಹೊರಗಿರಬೇಕಾದ ನಾಯಿಗೆ ದೊಡ್ಡ ಗೂಡು ಕಟ್ಟಿಸುವುದು ಹಲವರು ಪ್ರೀತಿಯಿಂದಲೇ ಮಾಡುವ ಕೆಲಸ. ಆದರೆ ಅದು ಉಪಕಾರವಲ್ಲ. ಗೂಡನ್ನು ಬೆಚ್ಚಗೆ ಮಾಡುವ ಒಲೆ ನಾಯಿಯ ಮೈಯೇ. ಜರ್ಮನಿಯ 2001ರ ನಾಯಿ ಸಂರಕ್ಷಣಾ ನಿಯಮಾವಳಿ ಇದನ್ನು ಸ್ಪಷ್ಟವಾಗಿ ಗುರುತಿಸಿದೆ: ಗೂಡು ಶಾಖ ತಡೆಯುವ ವಸ್ತುವಿನದಾಗಿರಬೇಕು, ನಾಯಿ ಅದರಲ್ಲಿ ಸಹಜವಾಗಿ ತಿರುಗಾಡುವಂತಿರಬೇಕು, ತನ್ನ ಮೈಶಾಖದಿಂದಲೇ ಅದನ್ನು ಬೆಚ್ಚಗಿಟ್ಟುಕೊಳ್ಳುವಷ್ಟು ಅಳತೆಯದಾಗಿರಬೇಕು. ಅದೇ ದೇಶ ಮುಂದೆ ನಿಯಮಗಳನ್ನು ತಿದ್ದಿ, 2023ರಿಂದ ನಾಯಿಯನ್ನು ಕಟ್ಟಿಹಾಕಿ ಸಾಕುವುದನ್ನೇ ಬಹುಮಟ್ಟಿಗೆ ನಿಷೇಧಿಸಿತು.

ನೆಲದಿಂದ ನಾಲ್ಕಾರು ಬೆರಳು ಎತ್ತರಿಸಿದ ಹಲಗೆ, ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿದ ಬಾಗಿಲು, ಅದಕ್ಕೊಂದು ಪರದೆ ಇದ್ದರೆ ಒಳ್ಳೆಯದು. ಹಾಸಲು ಕಂಬಳಿಗಿಂತ ಗೋಧಿಯ ಒಣ ಹುಲ್ಲು ಮೇಲು. ಕಂಬಳಿ ಉಸಿರಿನ ತೇವ ಹೀರಿ ಹೆಪ್ಪುಗಟ್ಟುತ್ತದೆ. ಹುಲ್ಲಿನಲ್ಲಿ ನಾಯಿ ಹುದುಗಿಕೊಳ್ಳಬಹುದು, ನೆನೆದರೆ ಬದಲಿಸುವುದೂ ಸುಲಭ. ಹಿಮ ತಿಂದು ಬಾಯಾರಿಕೆ ನೀಗಿಕೊಳ್ಳಲಿ ಎಂದು ಬಿಡಬಾರದು, ಅದನ್ನು ಕರಗಿಸಲು ಮೈಶಾಖವೇ ವ್ಯಯವಾಗುತ್ತದೆ. ಕಾರಿನಿಂದ ಸೋರಿದ ಆಂಟಿಫ್ರೀಜ್ ದ್ರವ ಸಿಹಿಯಾಗಿರುವುದರಿಂದ ನಾಯಿಗಳು ನೆಕ್ಕುತ್ತವೆ. ಸ್ವಲ್ಪವೇ ಒಳಸೇರಿದರೂ ಮೂತ್ರಪಿಂಡ ಹಾಳಾಗುತ್ತದೆ, ಕೆಲವೇ ಗಂಟೆಗಳಲ್ಲಿ ಚಿಕಿತ್ಸೆ ಸಿಗದಿದ್ದರೆ ಉಳಿಸುವುದು ಕಷ್ಟ.

ನಾಯಿಯ ಸಹಜ ದೇಹೋಷ್ಣ ಸುಮಾರು 38ರಿಂದ 39 ಡಿಗ್ರಿ. ನಡುಕ, ಒಂದೊಂದೇ ಕಾಲು ಎತ್ತಿ ನಿಲ್ಲುವುದು, ಬಾಗಿಲ ಬಳಿ ಬಂದು ಕುಯಿಗುಡುವುದು ಮೊದಲ ಸೂಚನೆಗಳು. ಆಗಲೇ ಒಳಗೆ ಕರೆದುಕೊಳ್ಳಬೇಕು. ದೇಹೋಷ್ಣ 32 ಡಿಗ್ರಿಯ ಆಸುಪಾಸಿಗೆ ಇಳಿದಾಗ ನಡುಕ ನಿಂತುಹೋಗಬಹುದು. ನಾಯಿ ಚಳಿಗೆ ಹೊಂದಿಕೊಂಡಿತೆಂದು ಮನೆಯವರು ಸಮಾಧಾನ ಪಡುವುದು ಇದೇ ಘಟ್ಟದಲ್ಲಿ. ಅದು ತೂಕಡಿಸುತ್ತಿದ್ದರೆ, ತಡವರಿಸಿ ನಡೆಯುತ್ತಿದ್ದರೆ ಪ್ರಾಣಾಪಾಯ ಹತ್ತಿರದಲ್ಲಿದೆ ಎಂದರ್ಥ. ಮೈ ಒರೆಸಿ ಒಣಗಿಸಿ, ಬೆಚ್ಚನೆಯ ಹೊದಿಕೆ ಸುತ್ತಿ, ಬಟ್ಟೆಯಲ್ಲಿ ಸುತ್ತಿದ ಬಿಸಿನೀರಿನ ಬಾಟಲಿಗಳನ್ನು ಎದೆ, ಹೊಟ್ಟೆಯ ಬದಿಗಿಟ್ಟು ಪಶುವೈದ್ಯರಲ್ಲಿಗೆ ಒಯ್ಯಬೇಕು. ಹಿಮಕಡಿತವಾದ ಕಿವಿ, ಬಾಲಗಳು ಮೊದಲು ಬಿಳಚಿಕೊಂಡು ತಣ್ಣಗೆ ಗಡುಸಾಗಿರುತ್ತವೆ. ಅವನ್ನು ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಮೆಲ್ಲನೆ ಒತ್ತಬೇಕು. ದಾರಿಯಲ್ಲಿ ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ವೈದ್ಯರನ್ನು ತಲುಪುವವರೆಗೆ ಅದನ್ನೂ ಮಾಡದಿರುವುದು ಲೇಸು.