ಮನೆಯಲ್ಲಿ ಹಾಡಿನ ಧ್ವನಿಮುದ್ರಣ: ಕಿವಿ, ಕೊರಳು ಜೋಪಾನ

ಬನದ ಹುಣ್ಣಿಮೆ ಸಮೀಪಿಸಿತೆಂದರೆ ಬಾದಾಮಿಯಲ್ಲಿ ಬನಶಂಕರಿ ಜಾತ್ರೆಯ ಸಡಗರ. ನಾಟಕ ಕಂಪನಿಗಳು ಬಂದು ಬೀಡು ಬಿಡುತ್ತವೆ. ಸುತ್ತಲಿನ ಊರುಗಳ ಭಜನಾ ಮೇಳಗಳು, ಜಾನಪದ ಹಾಡಿನ ತಂಡಗಳು ಹೊಸ ಹಾಡು ಕಟ್ಟುತ್ತವೆ. ಹಿಂದೆ ಇಂಥ ಹಾಡು ಕ್ಯಾಸೆಟ್ ಆಗಬೇಕಾದರೆ ಸ್ಟುಡಿಯೋ ಇರುವ ದೊಡ್ಡ ಊರಿಗೆ ಹೋಗಬೇಕಾಗಿತ್ತು. ಈಗ ಹಾಗಿಲ್ಲ. ಒಂದು ಮೈಕು, ಒಂದು ಲ್ಯಾಪ್‌ಟಾಪ್, ಒಂದು ಹೆಡ್‌ಫೋನ್ ಇದ್ದರಾಯಿತು. ಬಾಗಲಕೋಟೆ ನವನಗರದ ಮನೆಯ ಹಾಲ್ ಆಗಲಿ, ಹುನಗುಂದದ ಮಾಳಿಗೆ ಮನೆಯ ಪಡಸಾಲೆಯಾಗಲಿ, ರಾತ್ರಿಯ ಮಟ್ಟಿಗೆ ಅದೇ ಸ್ಟುಡಿಯೋ.

ಇದು ಸಂತೋಷದ ಸಂಗತಿಯೇ. ಆದರೆ ಸ್ಟುಡಿಯೋದಲ್ಲಿ ಗಾಜಿನ ಆಚೆ ಕುಳಿತು "ಇವತ್ತಿಗೆ ಸಾಕ್ರಿ, ನಾಳೆ ನೋಡೋಣ" ಎನ್ನುವವರೊಬ್ಬರು ಇರುತ್ತಾರೆ. ಮನೆಯಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ. "ಇನ್ನೊಂದ್ಸಲ ಹಾಡ್ರಿ" ಎನ್ನುವವರೇ ಎಲ್ಲರೂ. ಹೀಗೆ ಇನ್ನೊಂದು ಸಲ, ಮತ್ತೊಂದು ಸಲ ಎನ್ನುತ್ತ ನಡುರಾತ್ರಿ ಕಳೆಯುತ್ತದೆ. ಮರುದಿನ ಒಬ್ಬರ ಗಂಟಲು ಕಟ್ಟಿರುತ್ತದೆ, ಇನ್ನೊಬ್ಬರ ಕಿವಿಯಲ್ಲಿ 'ಕುಂಯ್' ಎಂಬ ಸದ್ದು. ಕೆಟ್ಟ ಹಾಡನ್ನು ಅಳಿಸಿ ಮತ್ತೆ ಹಾಡಬಹುದು. ಕೆಟ್ಟ ಕಿವಿಗೆ ಆ ಸೌಲಭ್ಯವಿಲ್ಲ.

ಮನೆಯಲ್ಲಿ ಧ್ವನಿಮುದ್ರಣ ಮಾಡುವಾಗ ಸಾಮಾನ್ಯವಾಗಿ ಆಗುವ ತಪ್ಪುಗಳನ್ನು ಒಂದೊಂದಾಗಿ ನೋಡೋಣ. ಹಾಡನ್ನು ಕೆಡಿಸುವ ತಪ್ಪುಗಳೇ ಆರೋಗ್ಯವನ್ನೂ ಕೆಡಿಸುತ್ತವೆ ಎಂಬುದು ಇಲ್ಲಿ ಗಮನಿಸಬೇಕಾದ ವಿಷಯ.

ಮೊದಲ ತಪ್ಪು: ಹೆಡ್‌ಫೋನಿನ ಅಬ್ಬರ

ನಮ್ಮ ಒಳಗಿವಿಯಲ್ಲಿ ಶಂಖದಂತೆ ಸುರುಳಿ ಸುತ್ತಿಕೊಂಡ ಒಂದು ಭಾಗವಿದೆ. ಅದರೊಳಗೆ ಸುಮಾರು 15,000 ಸೂಕ್ಷ್ಮ ಕೂದಲುಕೋಶಗಳಿವೆ. ಹೊರಗಿನ ಸದ್ದನ್ನು ನರಗಳ ಭಾಷೆಗೆ ತಿರುಗಿಸಿ ಮಿದುಳಿಗೆ ಕಳಿಸುವುದು ಇವುಗಳ ಕೆಲಸ. ಅತಿಯಾದ ಸದ್ದಿಗೆ ಇವು ಮೊದಲು ದಣಿಯುತ್ತವೆ, ಆಮೇಲೆ ಸಾಯುತ್ತವೆ. ಕೋಳಿಯ ಕಿವಿಯಲ್ಲಿ ಇಂಥ ಕೋಶ ಸತ್ತರೆ ಹೊಸದು ಹುಟ್ಟುತ್ತದೆ. ಮನುಷ್ಯನಿಗೆ ಆ ಭಾಗ್ಯವಿಲ್ಲ. ಹುಟ್ಟುವಾಗ ತಂದದ್ದನ್ನೇ ಕಡೆಯತನಕ ಬಳಸಬೇಕು.

ಸದ್ದನ್ನು ಅಳೆಯುವ ಮಾನ ಡೆಸಿಬಲ್. ಸಾಧಾರಣ ಮಾತುಕತೆ ಸುಮಾರು 60 ಡೆಸಿಬಲ್. 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ತಾಸು ಕೇಳಿದರೂ ಅಪಾಯ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ 90 ಡೆಸಿಬಲ್ ಆದರೆ ವಾರಕ್ಕೆ 4 ತಾಸು ಮಾತ್ರ. 100 ಡೆಸಿಬಲ್ ಆದರೆ ವಾರಕ್ಕೆ ಕೇವಲ 20 ನಿಮಿಷ. ಸದ್ದು 3 ಡೆಸಿಬಲ್ ಏರಿದರೆ ಕಿವಿಗೆ ಬೀಳುವ ಶಕ್ತಿ ಇಮ್ಮಡಿಯಾಗುತ್ತದೆ, ತಡೆದುಕೊಳ್ಳುವ ಅವಧಿ ಅರ್ಧಕ್ಕೆ ಇಳಿಯುತ್ತದೆ. ಜೋರಾಗಿ ಇಟ್ಟ ಹೆಡ್‌ಫೋನ್ 100 ಡೆಸಿಬಲ್ ಮುಟ್ಟುವುದು ಏನೂ ಕಷ್ಟವಲ್ಲ. ಹಾಗಾದರೆ ಒಂದೇ ರಾತ್ರಿಯಲ್ಲಿ ನೀವು ಎಷ್ಟು ವಾರಗಳ ಪಾಲನ್ನು ತಿಂದು ಮುಗಿಸಿದಿರಿ ಎಂದು ಲೆಕ್ಕ ಹಾಕಿ.

ಇದರಿಂದ ಹಾಡೂ ಕೆಡುತ್ತದೆ. ಹೇಗೆನ್ನುತ್ತೀರಾ? ದಣಿದ ಕಿವಿಗೆ ಮೊದಲು ಮಂಕಾಗುವುದು ತಾರಕದ ಸೂಕ್ಷ್ಮ ಸದ್ದುಗಳು. ತಾಳದ ಝಣಕು, 'ಸ'ಕಾರ 'ಶ'ಕಾರಗಳ ಅಂಚು ಇವೇ ಮುಂತಾದವು. ಅವು ಕೇಳಿಸುತ್ತಿಲ್ಲವೆಂದು ನಡುರಾತ್ರಿ ಅವುಗಳನ್ನೇ ಏರಿಸುತ್ತ ಹೋಗುತ್ತೀರಿ. ಬೆಳಿಗ್ಗೆ ಎದ್ದು ಕೇಳಿದರೆ ಹಾಡು ಕರ್ಕಶ! ದೋಷ ಯಂತ್ರದ್ದೆಂದು ಮತ್ತೆ ಕುಳಿತುಕೊಳ್ಳುತ್ತೀರಿ. ದೋಷ ಯಂತ್ರದ್ದಲ್ಲ, ಕಿವಿಯ ದಣಿವಿನದು.

ಆದ್ದರಿಂದ ಹೀಗೆ ಮಾಡಿ. ಧ್ವನಿಮುದ್ರಣ ಒಂದು ದಿನ, ಧ್ವನಿ ಹೊಂದಿಸುವ ಕೆಲಸ ಇನ್ನೊಂದು ದಿನ ಇರಲಿ. ಹೆಡ್‌ಫೋನಿನ ಧ್ವನಿಯನ್ನು ಗರಿಷ್ಠದ ಶೇಕಡಾ 60ಕ್ಕಿಂತ ಮೇಲೆ ಏರಿಸಬೇಡಿ. ತಾಸಿಗೊಮ್ಮೆ ಹತ್ತು ನಿಮಿಷ ಹೊರಗೆ ಬಂದು ಸದ್ದಿಲ್ಲದ ಕಡೆ ಕುಳಿತುಕೊಳ್ಳಿ. ಮೈಕಿನ ವೈರು ಸಿಕ್ಕಿಸುವಾಗ ಅಥವಾ ತೆಗೆಯುವಾಗ ಹೆಡ್‌ಫೋನ್ ಕಿವಿಯ ಮೇಲೆ ಇರಕೂಡದು. ಆ ಕ್ಷಣದಲ್ಲಿ ಬರುವ 'ಫಟ್' ಎಂಬ ಸದ್ದು ಅಥವಾ ಮೈಕಿನ ಕೂಗು ನೇರವಾಗಿ ಒಳಗಿವಿಗೆ ಏಟು ಕೊಡುತ್ತದೆ. ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಂಡು ಹಾಡುವವರು ಅರಿಯದೆ ಅದರ ಧ್ವನಿ ಹೆಚ್ಚಿಸಿಕೊಳ್ಳುತ್ತಾರೆ. ಅವರೂ ಎಚ್ಚರ ವಹಿಸಬೇಕು.

ಸಣ್ಣ ಕೋಣೆ, ಜೋರು ವಾದ್ಯ

ಗುಡಿಯ ಅಂಗಳದಲ್ಲಿ ಬಾರಿಸುವ ಹಲಗೆ, ತಾಳಗಳನ್ನು ಹತ್ತು ಅಡಿ ಅಗಲದ ಕೋಣೆಯಲ್ಲಿ ಬಾರಿಸಿದರೆ ಸದ್ದು ಹರಡಿಹೋಗಲು ಜಾಗವಿರುವುದಿಲ್ಲ. ಬಾದಾಮಿ ಕಡೆಯ ಕಲ್ಲುಗೋಡೆಯ ಮನೆಗಳಲ್ಲಿ ಅದು ಗೋಡೆಗೆ ಬಡಿದು ಮತ್ತೆ ಕಿವಿಗೇ ಬರುತ್ತದೆ. ಅಳೆಯುವ ಯಂತ್ರವಿಲ್ಲದಿದ್ದರೂ ಒಂದು ಸುಲಭ ಪರೀಕ್ಷೆಯಿದೆ. ತೋಳಿನಷ್ಟು ದೂರದಲ್ಲಿ ಕುಳಿತವರಿಗೆ ನಿಮ್ಮ ಮಾತು ಕೇಳಿಸಲು ದನಿ ಏರಿಸಬೇಕಾದರೆ ಆ ಕೋಣೆಯ ಸದ್ದು ಅಪಾಯದ ಮಟ್ಟ ಮುಟ್ಟಿದೆ ಎಂದೇ ತಿಳಿಯಿರಿ.

ಇದಕ್ಕೆ ಪರಿಹಾರ ನಮ್ಮ ಮನೆಯಲ್ಲಿಯೇ ಇದೆ. ಅಜ್ಜಿ ಹೊಲಿದ ದಪ್ಪ ಕೌದಿಗಳನ್ನು ಗೋಡೆಗೆ ಇಳಿಬಿಡಿ. ಪ್ರತಿಧ್ವನಿ ತಗ್ಗುತ್ತದೆ, ಹಾಡಿಗೂ ಒಳ್ಳೆಯದು. ಆದರೆ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇದ್ದ ಕೌದಿಯನ್ನು ಮೊದಲು ಕೊಡವಿ, ಬಿಸಿಲಿಗೆ ಹಾಕಿ ಒಣಗಿಸಿ. ಇಲ್ಲವಾದರೆ ಅದರ ದೂಳಿಗೆ ಅಸ್ತಮಾ ಇರುವವರಿಗೆ ಉಬ್ಬಸ ಬರುವುದುಂಟು. ಜೋರು ವಾದ್ಯ ಬಾರಿಸುವವರು ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳುವುದು ಉತ್ತಮ. ಬರಿಯ ಹತ್ತಿ ತುರುಕಿದರೆ ಹೆಚ್ಚು ಪ್ರಯೋಜನವಿಲ್ಲ. ನೋಡಲು ಬಂದ ಚಿಕ್ಕ ಮಕ್ಕಳನ್ನು ಆ ಕೋಣೆಯಲ್ಲಿ ಕೂಡಿಸಿಕೊಳ್ಳಬೇಡಿ.

ಇಳಕಲ್ಲಿನ ಓದುಗರಿಗೆ ಒಂದು ವಿಶೇಷ ಮಾತು. ನಿಮ್ಮ ಊರಿನ ಸುತ್ತ ಗ್ರಾನೈಟ್ ಕಲ್ಲಿನ ಗಣಿಗಳಿವೆ, ಕಲ್ಲು ಕೊಯ್ದು ಪಾಲಿಶ್ ಮಾಡುವ ಕೆಲಸಗಳಿವೆ. ಹಗಲೆಲ್ಲ ಅಲ್ಲಿ ದುಡಿದು ರಾತ್ರಿ ಹಾಡಲು ಕುಳಿತವರ ಕಿವಿ ಆ ದಿನದ ಪಾಲನ್ನು ಸಂಜೆಗೇ ಮುಗಿಸಿರುತ್ತದೆ. ಕಿವಿ ಗಣಿಯ ಲೆಕ್ಕ ಬೇರೆ, ಸಂಗೀತದ ಲೆಕ್ಕ ಬೇರೆ ಎಂದು ಇಡುವುದಿಲ್ಲ. ಎರಡನ್ನೂ ಕೂಡಿಸುತ್ತದೆ. ಅಂಥವರು ಕೆಲಸದ ಜಾಗದಲ್ಲಿ ಕಿವಿಗೆ ರಕ್ಷಣೆ ಹಾಕಿಕೊಳ್ಳಲಿ, ಹಾಡಿನ ಕೆಲಸವನ್ನು ರಜೆಯ ದಿನ ಇಟ್ಟುಕೊಳ್ಳಲಿ. ಕಲ್ಲಿನ ದೂಳಿನಲ್ಲಿ ದುಡಿಯುವವರಿಗೆ ವಾರಗಟ್ಟಲೆ ಕೆಮ್ಮು ಇದ್ದರೆ ಅದು ಹಾಡಿನ ದಣಿವೆಂದು ಸುಮ್ಮನಿರದೆ ಎದೆಯ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಎರಡನೆಯ ತಪ್ಪು: ಮೈಕಿನ ಮುಂದೆ ಕೂಗುವುದು

ಹೆಂಗಸರ ದನಿಯಲ್ಲಿ ಧ್ವನಿತಂತುಗಳು ಮಾತಾಡುವಾಗಲೇ ಕ್ಷಣಕ್ಕೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ. ಗಂಡಸರಲ್ಲಿ ಇದು ಸುಮಾರು ಅರ್ಧದಷ್ಟು. ಹಾಡುವಾಗ ಇನ್ನೂ ಹೆಚ್ಚು. 200ರ ಲೆಕ್ಕವನ್ನೇ ಹಿಡಿದರೂ ಮೂರು ನಿಮಿಷದ ಹಾಡಿಗೆ 36,000 ಸಲ. ಅದೇ ಹಾಡನ್ನು ಹತ್ತು ಸಲ ಹಾಡಿದರೆ 3,60,000 ಸಲ! ಚಪ್ಪಾಳೆ ತಟ್ಟಿ ತಟ್ಟಿ ಅಂಗೈ ಕೆಂಪಾಗುವಂತೆ ಈ ತಂತುಗಳೂ ಬಾಯುತ್ತವೆ. ಬಾತ ಮೇಲೂ ಒತ್ತಾಯದಿಂದ ಹಾಡಿದರೆ ಕಾಲಕ್ರಮದಲ್ಲಿ ಅವುಗಳ ಮೇಲೆ ಸಣ್ಣ ಗಂಟು ಕಟ್ಟುವ ಸಂಭವವಿದೆ.

1925ರ ಸುಮಾರಿಗೆ ಧ್ವನಿಮುದ್ರಣಕ್ಕೆ ವಿದ್ಯುತ್ ಮೈಕು ಬಂತು. ಅದಕ್ಕಿಂತ ಮೊದಲು ಗಾಯಕರು ದೊಡ್ಡ ಕಹಳೆಯಂಥ ಕೊಳವೆಯೊಳಗೆ ಗಟ್ಟಿಯಾಗಿ ಹಾಡಬೇಕಾಗಿತ್ತು. ಮೈಕು ಬಂದ ಮೇಲೆ ಆ ಕಷ್ಟ ತಪ್ಪಿತು. ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯವರಾದ ಅಮೀರಬಾಯಿ ಕರ್ನಾಟಕಿ 1943ರ 'ಕಿಸ್ಮತ್' ಹಿಂದಿ ಚಿತ್ರಕ್ಕೆ ಹಾಡಿದ್ದನ್ನು ಕೇಳಿ ನೋಡಿ. ಮೃದುವಾಗಿ ಹಾಡಿದ್ದೂ ದೇಶಕ್ಕೆಲ್ಲ ಕೇಳಿಸಿತು. ಮೈಕು ಇರುವುದೇ ಗಂಟಲನ್ನು ಉಳಿಸಲು. ಅದರ ಮುಂದೆ ಒಂದು ಗೇಣು ಅಂತರದಲ್ಲಿ ನಿಂತು ಸಹಜವಾಗಿ ಹಾಡಿದರೆ ಸಾಕು.

ಹಾಗಿದ್ದರೂ ನಾವು ಕೂಗುವುದೇಕೆ? ಕಾರಣ ಮತ್ತೆ ಕಿವಿಯೇ. ಕಿವಿಯಲ್ಲಿ ಗದ್ದಲ ಹೆಚ್ಚಿದಷ್ಟೂ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ಕಿವಿ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ತಿಳಿಸಿದ್ದಾನೆ. ಹೆಡ್‌ಫೋನಿನಲ್ಲಿ ಹಲಗೆ, ಕೀಬೋರ್ಡು ಅಬ್ಬರಿಸುತ್ತಿದ್ದರೆ ಗಾಯಕಿ ಕೂಗಲೇಬೇಕು. ವಾದ್ಯದ ಧ್ವನಿ ತಗ್ಗಿಸಿ. ಗಂಟಲು ತಾನೇ ಸಡಿಲಗೊಳ್ಳುತ್ತದೆ.

ಶ್ರುತಿಯೂ ಮುಖ್ಯ. ಪೇಟಿ ಬಾರಿಸುವವರಿಗೆ ಯಾವ ಮನೆ ಸಲೀಸೋ ಅದರಲ್ಲಿ ಹಾಡುವುದು, ಬೇರೊಬ್ಬರ ಎತ್ತರದ ಟ್ರ್ಯಾಕಿಗೆ ಕೊರಳನ್ನು ಎಳೆದು ಹೊಂದಿಸುವುದು, ಇವೆರಡೂ ತಪ್ಪು. ಹಾಡುವವರ ಗಂಟಲಿಗೆ ಶ್ರುತಿ ಹೊಂದಬೇಕೇ ಹೊರತು ಶ್ರುತಿಗೆ ಗಂಟಲಲ್ಲ. ಹತ್ತು ನಿಮಿಷ ಮೆಲ್ಲನೆ ಸ್ವರ ಹಿಡಿದು ಗಂಟಲನ್ನು ಹದಗೊಳಿಸಿ, ಆಮೇಲೆ ಆರಂಭಿಸಿ. ಎಲ್ಲಕ್ಕಿಂತ ಎತ್ತರದ ಸಾಲನ್ನು ಕೊನೆಗೆ ಉಳಿಸಬೇಡಿ. ಒಂದು ಹಾಡನ್ನು ಮೂರು ನಾಲ್ಕು ಸಲ ಹಾಡಿದ ಮೇಲೆ ಕಾಲು ತಾಸು ವಿಶ್ರಾಂತಿ ಬೇಕು.

ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಿ. ಮೇಲಿಂದ ಮೇಲೆ ಖಡಕ್ ಚಹಾ ಕುಡಿಯುವುದು ನೀರಿಗೆ ಸಾಟಿಯಲ್ಲ. ಗುಟಕಾ, ಬೀಡಿ, ತಂಬಾಕು ಹಾಡುಗಾರರಿಗೆ ಶತ್ರುಗಳು. ರಾತ್ರಿ ಹನ್ನೊಂದಕ್ಕೆ ಗಿರಮಿಟ್, ಮಿರ್ಚಿ ಭಜಿ ತಿಂದು ಕೂಡಲೇ ಮಲಗಿದರೆ ಹೊಟ್ಟೆಯ ಆಮ್ಲ ಮೇಲೇರಿ ಗಂಟಲನ್ನು ಸುಡುತ್ತದೆ. ಬೆಳಿಗ್ಗೆ ದನಿ ಒಡೆಯಲು ಇದೂ ಒಂದು ಕಾರಣ. ಊಟಕ್ಕೂ ನಿದ್ದೆಗೂ ಎರಡು ಮೂರು ತಾಸು ಅಂತರವಿರಲಿ.

ದನಿ ಕಟ್ಟಿದಾಗ ಪಿಸುಮಾತು ಆಡಿದರೆ ವಿಶ್ರಾಂತಿ ಸಿಗುತ್ತದೆಂದು ಹಲವರು ನಂಬಿದ್ದಾರೆ. ಇದು ತಪ್ಪು ತಿಳಿವಳಿಕೆ. ಬಲವಂತದ ಪಿಸುಮಾತು ಗಂಟಲಿಗೆ ಶ್ರಮವೇ. ಅಗತ್ಯವಿದ್ದಷ್ಟೇ ಮೆಲುದನಿಯಲ್ಲಿ ಮಾತಾಡಿ, ಇಲ್ಲವೇ ಸುಮ್ಮನಿರಿ. ನೋವಿನ ಗುಳಿಗೆ ನುಂಗಿ ಹಾಡುವುದಂತೂ ಅಪಾಯ. ನೋವು ನಿಲ್ಲು ಎಂದು ಹೇಳುತ್ತಿರುವಾಗ ಅದರ ಬಾಯಿ ಮುಚ್ಚಿಸಿದಂತಾಗುತ್ತದೆ.

ಮೂರನೆಯ ತಪ್ಪು: ಉಸಿರುಗಟ್ಟುವ ಕೋಣೆ

ಫ್ಯಾನಿನ ಸದ್ದು ಮೈಕಿಗೆ ಬೀಳುತ್ತದೆಂದು ಅದನ್ನು ನಿಲ್ಲಿಸಿ, ಕಿಟಕಿ ಬಾಗಿಲು ಬಿಗಿದು, ಐದಾರು ಮಂದಿ ಕುಳಿತುಕೊಳ್ಳುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಇದು ಹುಡುಗಾಟವಲ್ಲ. ತಲೆನೋವು, ತಲೆಸುತ್ತು, ಓಕರಿಕೆ, ಸ್ನಾಯು ಸೆಳೆತ ಬಂದರೆ ಸೆಕೆಯ ಬಳಲಿಕೆ ಎಂದು ತಿಳಿದು ಕೂಡಲೇ ಹೊರಗೆ ಬನ್ನಿ. ಪ್ರತಿ ಹಾಡಿನ ನಡುವೆ ಬಾಗಿಲು ತೆರೆದು ಫ್ಯಾನ್ ಹಾಕಿ.

ಸದ್ದು ತಡೆಯಲೆಂದು ಗೋಡೆಗೆ ಥರ್ಮೋಕೋಲ್, ಅಗ್ಗದ ಸ್ಪಂಜು, ತತ್ತಿಯ ಟ್ರೇ ಅಂಟಿಸಬೇಡಿ. ಸದ್ದು ಹೊರಹೋಗುವುದನ್ನು ಇವು ತಡೆಯಲಾರವು. ಬೆಂಕಿ ತಗುಲಿದರೆ ಮಾತ್ರ ಕ್ಷಣದಲ್ಲಿ ಹೊತ್ತಿಕೊಂಡು ವಿಷದ ಹೊಗೆ ಕಾರುತ್ತವೆ. ಕರೆಂಟು ಹೋದಾಗ ಜನರೇಟರನ್ನು ಮನೆಯೊಳಗಾಗಲಿ ಪಡಸಾಲೆಯಲ್ಲಾಗಲಿ ಇಡಲೇಕೂಡದು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆ ಬಂದಂತೆ ಭಾಸವಾಗಿ ಪ್ರಾಣವೇ ಹೋಗಬಹುದು.

ಮೈಕು ತುಟಿಗೆ ತಾಗಿದಾಗ 'ಚುರ್' ಎಂದರೆ ನಕ್ಕು ಸುಮ್ಮನಾಗಬೇಡಿ. ಅರ್ಥಿಂಗ್ ಸರಿಯಿಲ್ಲ ಎಂಬುದರ ಸೂಚನೆ ಅದು. ಎಲ್ಲವನ್ನೂ ಆರಿಸಿ, ಮೂರು ಪಿನ್ನಿನ ಪ್ಲಗ್ಗು ಮತ್ತು ಅರ್ಥಿಂಗನ್ನು ಎಲೆಕ್ಟ್ರಿಷಿಯನ್ ಅವರಿಂದ ಪರೀಕ್ಷಿಸಿ. ಬರಿಗಾಲಲ್ಲಿ ಹಸಿನೆಲದ ಮೇಲೆ ನಿಂತು ಮೈಕು ಹಿಡಿಯಬೇಡಿ.

ನೆರೆಮನೆಯನ್ನೂ ನೆನೆಯಿರಿ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿಯನ್ನು 2000ದ ಶಬ್ದಮಾಲಿನ್ಯ ನಿಯಮಗಳು ವಿಧಿಸಿವೆ. ಪಕ್ಕದ ಮನೆಯ ಹಸುಗೂಸಿಗೆ, ಹೃದಯರೋಗಿಗೆ ನಿದ್ದೆಯೇ ಔಷಧ. ರಾತ್ರಿ ಹತ್ತಕ್ಕೆ ನಿಲ್ಲಿಸುವ ಪದ್ಧತಿಯಿಂದ ನಿಮ್ಮ ನಿದ್ದೆಯೂ ಉಳಿಯುತ್ತದೆ.

ವೈದ್ಯರನ್ನು ಯಾವಾಗ ಕಾಣಬೇಕು?

ಕಿವಿಯಲ್ಲಿ ಗುಂಯ್ಗುಡುವ ಸದ್ದು, ಕಿವಿ ಮುಚ್ಚಿದಂತೆ ಅನಿಸುವುದು ಒಂದು ದಿನ ವಿಶ್ರಾಂತಿ ಕೊಟ್ಟ ಮೇಲೂ ಹೋಗದಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ. ಒಂದು ಕಿವಿ ದಿಢೀರನೆ ಮಂಕಾದರೆ ಅಂದೇ ವೈದ್ಯರಲ್ಲಿಗೆ ಹೋಗಿ. ಚಿಕಿತ್ಸೆ ತಡವಾದಷ್ಟೂ ಫಲ ಕಡಿಮೆ. ಕಿವಿಗೆ ಬಿಸಿ ಎಣ್ಣೆ ಬಿಡುವುದು ಬೇಡ. ಹಾಡುತ್ತಿರುವಾಗಲೇ ದನಿ ತಟ್ಟನೆ ಹೋದರೆ ಧ್ವನಿತಂತುವಿನಲ್ಲಿ ರಕ್ತ ಒಸರಿರಬಹುದು. ಆ ಕ್ಷಣವೇ ಹಾಡು ನಿಲ್ಲಿಸಿ, ವೈದ್ಯರನ್ನು ಕಾಣಿ. ದನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ ಗಂಟಲೊಳಗನ್ನು ನೋಡಿಸಲೇಬೇಕು. ತಂಬಾಕಿನ ಚಟವಿದ್ದವರು ಇದನ್ನು ಒಂದು ದಿನವೂ ಮುಂದೂಡಬಾರದು. ಗಂಟಲಿನ ಕ್ಯಾನ್ಸರಿನ ಮೊದಲ ಲಕ್ಷಣವೂ ಒಡಕು ದನಿಯೇ.

ಬಾಗಲಕೋಟೆ ನವನಗರದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆಯೂ ಸೇರಿದಂತೆ ಕಿವಿ-ಮೂಗು-ಗಂಟಲು ತಜ್ಞರಿರುವ ಯಾವುದೇ ಆಸ್ಪತ್ರೆಗೆ ಹೋಗಬಹುದು. ಇನ್ನೂ ಹೆಚ್ಚಿನ ಪರೀಕ್ಷೆ, ಧ್ವನಿ ಚಿಕಿತ್ಸೆ ಬೇಕಾದವರಿಗೆ ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಮುಂದಿನ ಸಲ ಹಾಡಲು ಕುಳಿತಾಗ ತಂಡದಲ್ಲಿ ಒಬ್ಬರಿಗೆ ಒಂದೇ ಕೆಲಸ ಒಪ್ಪಿಸಿ. ಗಡಿಯಾರ ನೋಡಿ, ನೀರಿನ ತಂಬಿಗೆ ಮುಂದಿಟ್ಟು, "ಸಾಕ್ರಿ, ಉಳಿದದ್ದು ನಾಳೆ" ಎನ್ನುವುದು. ಪೇಟಿ ಬಾರಿಸುವವರಷ್ಟೇ ಅವರೂ ನಿಮ್ಮ ಮೇಳಕ್ಕೆ ಬೇಕು. ಈ ವರ್ಷದ ಜಾತ್ರೆಯಲ್ಲಿ ಹಾಡಿದ ಕೊರಳು ಮುಂದಿನ ಇಪ್ಪತ್ತು ಜಾತ್ರೆಗಳಲ್ಲೂ ಹಾಡಬೇಕಲ್ಲವೇ?