ಮೇಜಿನ ಮೇಲಿನ ಮೊದಲ ಗುರು

ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ನಾವು ಸಮಾಧಿಗಳನ್ನು ಗುಡಿಸಿ, ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತೇವೆ. ಸಮಾಧಿಯೇ ಇಲ್ಲದ ಕೆಲವರನ್ನೂ ಈ ಸಲ ನೆನೆಯೋಣ. ವೈದ್ಯಕೀಯ ವಿದ್ಯಾರ್ಥಿಗಳ ಕಲಿಕೆಗೆ ದೇಹವಾಗಿ ಒದಗಿದವರು ಅವರು. ಕೆಲವರು ತಾವಾಗಿ ದಾನ ಮಾಡಿದವರು. ಇನ್ನು ಕೆಲವರು 1957ರ ಅಂಗರಚನಾ ಕಾಯ್ದೆಯಂತೆ ಕಾಲೇಜು ಸೇರಿದ, ವಾರಸುದಾರರಿಲ್ಲದವರು.

ರೋಣ, ನರಗುಂದ, ಗಜೇಂದ್ರಗಡದ ಕಡೆ ಸಾವು ಬಚ್ಚಿಟ್ಟ ಸಂಗತಿಯಲ್ಲ. ಲಿಂಗಾಯತ ಮನೆಗಳಲ್ಲಿ ತೀರಿಕೊಂಡವರನ್ನು ಗೋಡೆಗೆ ಆನಿಸಿ ಕೂಡ್ರಿಸಿ, ವಿಭೂತಿ ಹಚ್ಚಿ, ಭಜನೆ ಮಾಡುತ್ತಾರೆ. ನಮ್ಮ ಮನೆಗಳಲ್ಲಿ ಜಪಸರ. ಮಕ್ಕಳು ಪಕ್ಕದಲ್ಲೇ ಕುಳಿತು ಎಲ್ಲವನ್ನೂ ನೋಡುತ್ತಾರೆ. ಈ ಮಕ್ಕಳೇ ಮುಂದೆ ಗದಗ, ಹುಬ್ಬಳ್ಳಿ, ಬೆಳಗಾವಿಗೆ ವೈದ್ಯಕೀಯವನ್ನೋ ನರ್ಸಿಂಗನ್ನೋ ಓದಲು ಹೋಗುತ್ತಾರೆ. ಅಲ್ಲಿ ಕಾಣುವ ಸಾವೇ ಬೇರೆ: ಫಾರ್ಮಲಿನ್ ವಾಸನೆ, ಮೇಜಿನ ಮೇಲೆ ಹೆಸರಿಲ್ಲದ ದೇಹ. ಕೆಲವರಿಗೆ ಊಟ ಸೇರುವುದಿಲ್ಲ. ಕೆಲವರು ಆ ದೇಹಕ್ಕೊಂದು ಅಡ್ಡಹೆಸರಿಟ್ಟು ನಗುತ್ತಾರೆ. ಅದನ್ನು ಒರಟುತನ ಎಂದು ಬೈಯುವುದು ಸುಲಭ. ನಮಗೆ ಅದು ಅಂಜಿಕೆಯೆಂದೇ ತೋರುತ್ತದೆ.

ನರಗುಂದದಿಂದ ದೂರವೇನಲ್ಲದ ಬೈಲಹೊಂಗಲದ ವೈದ್ಯ ಡಾ. ಬಿ. ಎಸ್. ರಾಮಣ್ಣವರ 2008ರ ನವೆಂಬರ್‌ನಲ್ಲಿ ತೀರಿಕೊಂಡರು. ತಮ್ಮ ದೇಹವನ್ನು ಮಗನೇ ಛೇದಿಸಿ ವಿದ್ಯಾರ್ಥಿಗಳಿಗೆ ಕಲಿಸಬೇಕೆಂಬುದು ಅವರ ಇಚ್ಛೆ. ಮಗ ಡಾ. ಮಹಾಂತೇಶ ಆಗ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾ ಶಾಸ್ತ್ರದ ಅಧ್ಯಾಪಕರಾಗಿದ್ದರು. ಎರಡು ವರ್ಷ ಕೆಡದಂತೆ ಕಾಯ್ದಿರಿಸಿದ ತಂದೆಯ ದೇಹವನ್ನು 2010ರಲ್ಲಿ ವಿದ್ಯಾರ್ಥಿಗಳೆದುರು ತಾವೇ ಛೇದಿಸಿದರು. ಆ ದಿನ ಅಲ್ಲಿದ್ದವರು ಯಾರು ಅಡ್ಡಹೆಸರು ಇಟ್ಟಾರು? ಮೇಜಿನ ಮೇಲಿದ್ದವರು ಒಬ್ಬರ ಅಪ್ಪ. ಕಥೋಲಿಕ ಧರ್ಮಸಭೆಯೂ ದೇಹದಾನವನ್ನು ಬೇಡವೆನ್ನುವುದಿಲ್ಲ; ದೇಹಕ್ಕೆ ಗೌರವ ಸಲ್ಲಬೇಕು ಎನ್ನುತ್ತದೆ, ಅಷ್ಟೆ.

2019ರಿಂದ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ, ಶವವೇ ಮೊದಲ ಗುರು ಎಂಬ ಪಾಠ ಮೊದಲ ವರ್ಷದಲ್ಲೇ ಇದೆ. ಸಾವನ್ನು ಎದುರಿಸುವ ಬಗೆಗೂ ಮುಂದೆ ಒಂದು ಪಾಠವುಂಟು. ಒಳ್ಳೆಯದೇ. ಆದರೆ ವಾರ್ಡಿನಲ್ಲಿ, ಸತ್ತವರ ಮನೆಯವರ ಮುಂದೆ ನಿಂತಾಗ, ಬಾಯಿ ಕಟ್ಟುತ್ತದೆ.

ನಮ್ಮ ಹಿರಿಯರೊಬ್ಬರು ಆಸ್ಪತ್ರೆಯೊಂದರಲ್ಲಿ ತೀರಿಕೊಂಡಾಗ ಕಿರಿಯ ವೈದ್ಯನೊಬ್ಬ ಫೈಲು ನೋಡುತ್ತಲೇ, "ಪೇಶೆಂಟ್ ಎಕ್ಸ್‌ಪೈರ್ ಆಗ್ಯಾರ್ರಿ" ಎಂದು ಹೇಳಿ ಹೊರಟುಬಿಟ್ಟ. ಔಷಧಿ ಬಾಟಲಿಯ ಮೇಲಿನ ಮಾತು ಅದು! ಬಹಳ ದಿನ ಸಿಟ್ಟಿತ್ತು ನಮಗೆ. ಆ ಹುಡುಗನ ಕೈ ನಡುಗುತ್ತಿದ್ದುದು ನೆನಪಾದದ್ದು ಆಮೇಲೆ. ಹೇಗೆ ಹೇಳಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲವೇನೋ. ಲಾಸರನನ್ನು ಎಬ್ಬಿಸಲಿದ್ದ ಪ್ರಭು ಯೇಸುವೇ ಮೊದಲು ಅತ್ತರು. ಅಳು ಬಂದರೆ ವೈದ್ಯನ ಕೆಲಸ ಕೆಡುತ್ತದೆಂದು ನಾವೇಕೆ ತಿಳಿಯಬೇಕು?

ಅದೇ ವಾರ್ಡಿನಲ್ಲಿ ವಯಸ್ಸಾದ ನರ್ಸ್ ಒಬ್ಬರಿದ್ದರು. ಪಕ್ಕದ ಹಾಸಿಗೆಯ ಅಜ್ಜ ಹೋದಾಗ ತರಬೇತಿಯ ಹುಡುಗಿಯನ್ನು ಜೊತೆಗೆ ಕರೆದುಕೊಂಡು ಅಜ್ಜಿಯ ಬಳಿ ಬಂದರು. ಸ್ಟೂಲು ಎಳೆದು ಕುಳಿತು, ಕೈ ಹಿಡಿದು, "ಯವ್ವಾ, ಅಜ್ಜಾರು ತೀರಿಕೊಂಡ್ರು" ಎಂದರು. ಆಮೇಲೆ ಮಾತಿಲ್ಲ. ಹುಡುಗಿ ಅಲ್ಲೇ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಅವಳೂ ನೆಲದ ಮೇಲೆ ಕುಳಿತಳು.